ಮೂವತ್ತನಾಲ್ಕರ ಗುಂಡಿ

ಹೊಟ್ಟೆ ಬಂದಿದೆ ಎಂದು ಕರಿಬಸವನನ್ನು ಜವಳಿ ಅಂಗಡಿಯ ಬಾಗಿಲಿನಿಂದ ತೆಗೆದು ಹಿಂದಿನ ಓಣಿಗೆ ಹಾಕಿದರು.

ಉಡುಪಿಯ ಆ ಅಂಗಡಿಯ ಗಾಜಿನ ಬಾಗಿಲು ತೆರೆದು, ಬಂದವರಿಗೆ ಸಲಾಮು ಹೊಡೆಯುವುದು ಅವನ ಕೆಲಸವಾಗಿತ್ತು. ಬಿಳಿ ಪ್ಯಾಂಟು, ಬಿಳಿ ಕೋಟು, ತಲೆಗೆ ಕೆಂಪು ರುಮಾಲು, ಕೈಗೆ ಬಿಳಿ ಗವಸು. ಬಾಗಿಲು ತೆರೆದಾಗಲೆಲ್ಲ ಒಳಗಿನ ಏಸಿ ಗಾಳಿ ಒಂದು ತುತ್ತು ಅವನ ಪಾಲಿಗೂ ಬರುತ್ತಿತ್ತು. ಓಣಿಯಲ್ಲಿ ಅವನ ಪಾಲಿಗೆ ಬಂದದ್ದು ಗಿರಾಕಿಗಳ ಸ್ಕೂಟರು ಸಾಲು ಮಾಡುವ ಕೆಲಸ ಮತ್ತು ಮಾರ್ಚ್ ತಿಂಗಳ ಬಿಸಿಲು. ಹಾಕಿದವರು ಧಣಿ ತಾರಾನಾಥರು. ಅವರ ಹೊಟ್ಟೆ ಅವರಿಗಿಂತ ಮೊದಲು ಅಂಗಡಿಯೊಳಗೆ ಬರುತ್ತಿತ್ತು. ಆದರೆ ಅದು ಧಣಿಯ ಹೊಟ್ಟೆ, ಅದಕ್ಕೆ ಯೂನಿಫಾರ್ಮ್ ಇರಲಿಲ್ಲ.

ಒಂದು ವಾರ ಕಳೆದ ಮೇಲೆ ಧಣಿಯೇ ಓಣಿಗೆ ಬಂದರು. ಕೈಯಲ್ಲೊಂದು ಡಬ್ಬಿ.

"ನೋಡು ಮಾರಾಯ, ದುಬೈ ಮಾತ್ರೆ. ನನ್ನ ಭಾವ ನನಗೇ ಅಂತ ಕಳಿಸಿದ್ದು. ನನಗೆ ಆಗ್ಲಿಲ್ಲ. ಊಟದ ಜೊತೆ ಒಂದೊಂದು ನುಂಗು, ಹೊಟ್ಟೆ ಇಳೀತದೆ. ಕಾರ್ಕಳದಲ್ಲಿ ಹೊಸ ಅಂಗಡಿ ಮಾಡ್ತಿದ್ದೇನೆ, ಗೊತ್ತುಂಟಲ್ವಾ? ಟೈಲರ್ ಅಣ್ಣುವಿಗೆ ಮೂವತ್ತನಾಲ್ಕು ಸೊಂಟದ ಯೂನಿಫಾರ್ಮ್ ಹೊಲಿಯಲಿಕ್ಕೆ ಹೇಳಿದ್ದೇನೆ. ಓಪನಿಂಗ್ ದಿವಸ ಅದರ ಗುಂಡಿ ನಿನಗೆ ಬಿದ್ದರೆ ಆ ಬಾಗಿಲು ನಿನ್ನದು. ಅಂಗಡಿ ಹಿಂದೆ ಒಂದು ರೂಮುಂಟು. ಹೆಂಡತಿ, ಮಗಳನ್ನು ಕರ್ಕೊಂಡು ಬಂದು ಇರು."

"ರೂಮಿಗೆ..." ಕರಿಬಸವ ಒಂದು ಹೆಜ್ಜೆ ಹತ್ತಿರ ಬಂದ, "ಸಂಡಾಸ ಐತೇನ್ರಿ ಧಣ್ಯಾರ?"

"ಎಂತ?"

"ಸಂಡಾಸರೀ. ನಿಮ್ಮ ಮಾತಿನಾಗ ಕಕ್ಕಸು."

"ಓ, ಅದಾ! ಉಂಟು, ಉಂಟು. ಬಾಗಿಲು, ಚಿಲಕ ಎಲ್ಲ ಉಂಟು."

ಚಿಲಕ ಎಂಬ ಮಾತು ಕೇಳಿ ಕರಿಬಸವನ ಕಣ್ಣು ಮಂಜಾಯಿತು. ಹುನಗುಂದದ ಕಡೆಯಿಂದ ಬಂದ ಅವನ ಸಂಸಾರ ಮಣಿಪಾಲದಲ್ಲೊಂದು ತಗಡಿನ ಶೆಡ್ಡಿನಲ್ಲಿತ್ತು. ಪಕ್ಕದಲ್ಲೇ ಏಳುತ್ತಿದ್ದ ಫ್ಲ್ಯಾಟುಗಳಿಗೆ ಹೆಂಡತಿ ರತ್ನವ್ವ ಇಟ್ಟಿಗೆ ಹೊರುತ್ತಿದ್ದಳು. ಆ ಫ್ಲ್ಯಾಟುಗಳಲ್ಲಿ ಮಲಗುವ ಕೋಣೆಗೊಂದು ಸಂಡಾಸ. ಕಟ್ಟುವವರಿಗೆಲ್ಲ ಸೇರಿ ಗುಡ್ಡದ ಮೇಲೊಂದು ಪೊದೆ. ಹೆಂಗಸರು ಬೆಳಕು ಹರಿಯುವ ಮೊದಲು ಹೋಗಿ ಬಂದರೆ ಬಂದರು, ಇಲ್ಲದಿದ್ದರೆ ಕತ್ತಲಾಗುವವರೆಗೆ ಹಲ್ಲು ಕಚ್ಚಿ ಇಟ್ಟಿಗೆ ಹೊರಬೇಕು. ಆ ಪೊದೆಯ ಮೇಲೂ ಈಗ ಯಾರೋ ಹೊಸ ಫ್ಲ್ಯಾಟಿಗೆಂದು ಸುಣ್ಣದ ಗೆರೆ ಎಳೆದು ಹೋಗಿದ್ದರು.

"ಮತ್ತೊಂದು," ಧಣಿ ತಿರುಗಿ ನಿಂತರು, "ಎಣ್ಣೆ ಮುಟ್ಟಬಾರದು. ಖಾಲಿಯಾದ ಮಾತ್ರೆ ಪಟ್ಟಿ ಬಿಸಾಡಬೇಡ, ನನಗೆ ತಂದುಕೊಡು."

ಕರಿಬಸವ ಎರಡೂ ಕಿವಿ ಹಿಡಿದುಕೊಂಡ. "ಎಣ್ಣಿ ಬಿಟ್ಟು ಭಾಳ ವರ್ಷಾತ್ರಿ ಧಣ್ಯಾರ. ಮಗಳ ತಲಿ ಮುಟ್ಟಿ ಆಣಿ ಮಾಡೀನಿ."

ಅವನ ಕಡೆ ಗಂಡಸಿಗೆ ಎಣ್ಣೆ ಬಿಡು ಎಂದರೆ ಅದು ಬಾಟಲಿಯ ಎಣ್ಣೆ. ಬಾಣಲೆಯ ಎಣ್ಣೆ ಬಿಡು ಎಂದು ಅಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ, ಅದು ಸಿಕ್ಕರೆ ಸಾಕಾಗಿತ್ತು. ಸಂಡಾಸಿರುವ ರೂಮಿನ ಖುಷಿಯಲ್ಲಿ ಆ ಸಂಜೆ ಅವನು ತಟ್ಟೆ ತುಂಬ ಮಿರ್ಚಿ ಭಜಿ ತಿಂದು, ಮೇಲೊಂದು ಮಾತ್ರೆ ನುಂಗಿದ.

ಮರುದಿನ ಓಣಿಯಲ್ಲಿ ಗಿರಾಕಿಯೊಬ್ಬರ ಸ್ಕೂಟರಿನ ಮೇಲೆ ಒಂದು ಗಳಿಗೆ ಕುಳಿತಿದ್ದಾಗ ಗಾಳಿ ಬಂದಂತಾಯಿತು. ಗಾಳಿಯೇ ಎಂದು ನಂಬಿ ಬಿಟ್ಟ. ಗಾಳಿಯ ಜೊತೆ ಭಜಿಯ ಎಣ್ಣೆಯೂ ಬಂತು, ಬಣ್ಣ ಸಮೇತ. ಆ ಗಿರಾಕಿ ಸೀಟು ಮುಟ್ಟಿ, ಬೆರಳು ನೋಡಿ, "ಎಂತದಿದು, ಇಂಜಿನ್ ಆಯಿಲ್ ಸೀಟಿಗೆ ಏರುವುದುಂಟಾ!" ಎಂದು ಗಾಡಿಯನ್ನು ನೇರವಾಗಿ ಮೆಕ್ಯಾನಿಕ್ ಬಳಿಗೆ ತಳ್ಳಿಕೊಂಡು ಹೋದರು.

ಕರಿಬಸವ ಓಡಿದ್ದು ಮೂಲೆಯ ಮೆಡಿಕಲ್ಲಿನ ಬೆನೆಡಿಕ್ಟಾ ಬಾಯಿಯ ಬಳಿಗೆ. ಅವರು ಕನ್ನಡಕ ಏರಿಸಿ ಡಬ್ಬಿ ಓದಿದರು.

"ಇದು ಎಂತ ಮಾಡ್ತದೆ ಗೊತ್ತುಂಟಾ? ನೀವು ತಿಂದ ಎಣ್ಣೆ, ತುಪ್ಪ, ತೆಂಗಿನಕಾಯಿ, ಇದರ ಜಿಡ್ಡಿನ ಒಂದು ಪಾಲನ್ನು ಮೈಗೆ ಹಿಡಿಯಲಿಕ್ಕೆ ಬಿಡುವುದಿಲ್ಲ. ಅದು ಬಂದ ಹಾಗೇ ಕೆಳಗೆ ಹೋಗ್ತದೆ. ಡಾಕ್ಟರರಿಗೆ ತೋರಿಸಿದ್ರಾ?"

"ಧಣ್ಯಾರಿಗೆ ತೋರಿಸೀನ್ರಿ."

"ನಿಮ್ಮ ಧಣಿ ಯಾವ ಕಾಲೇಜಿನಲ್ಲಿ ಡಾಕ್ಟರಿಕೆ ಕಲಿತದ್ದು? ಸುಮ್ಮನೆ ಬಿಟ್ಟುಬಿಡಿ ಮಾರಾಯ್ರೆ."

"ಬಿಡಾಕ ಬರಂಗಿಲ್ರಿ ಬಾಯಾರ. ನನಗ ಸಂಡಾಸ ಬೇಕು."

ಬೆನೆಡಿಕ್ಟಾ ಬಾಯಿ ಗಾಬರಿಯಿಂದ ಎದ್ದು ಒಳಬಾಗಿಲು ತೋರಿಸಿದರು. "ಅದಕ್ಕೆ ಇಷ್ಟು ಹೊತ್ತು ಮಾತಾಡುದಾ? ಹೋಗಿ, ಬೇಗ ಹೋಗಿ!"

ಅವರು ಬೈಯುತ್ತಲೇ ಹೇಳಿಕೊಟ್ಟದ್ದನ್ನು ಕರಿಬಸವ ಪಾಲಿಸಿದ. ಒಣ ಜೋಳದ ರೊಟ್ಟಿ, ಒಗ್ಗರಣೆ ಇಲ್ಲದ ಪುಂಡಿಪಲ್ಯ, ಬೆಣ್ಣೆ ತೆಗೆದ ಮಜ್ಜಿಗೆ. ಮಲಗುವಾಗ ಒಂದು ವಿಟಮಿನ್. ಒಂದು ಹೊತ್ತು ಊಟವಿಲ್ಲದಿದ್ದರೆ ಆ ಹೊತ್ತಿನ ಮಾತ್ರೆಯೂ ಇಲ್ಲ. ಪ್ಯಾಂಟಿನೊಳಗೆ ರತ್ನವ್ವನ ಹಳೆ ಸೀರೆಯ ಮಡಿಕೆ. ದಿನ ಕಳೆದಂತೆ ಹೊಟ್ಟೆಯ ಗಲಾಟೆ ತಗ್ಗಿತು, ಹೊಟ್ಟೆಯೂ ತಗ್ಗಿತು. ತಿಂದ ಜಿಡ್ಡು ಮರುದಿನ ಬರುತ್ತದೆ, ತಪ್ಪಿದರೆ ಅದರ ಮರುದಿನ. ಬಸ್ಸಿನ ಟೈಮಿಗಿಂತ ಅದು ಅವನಿಗೆ ಚೆನ್ನಾಗಿ ಬಾಯಿಪಾಠವಾಯಿತು.

ಇಷ್ಟರ ನಡುವೆ ಅವನ ಎದೆ ತುಂಬಿಸಿದ್ದು ಧಣಿಯ ಪ್ರೀತಿ. ದಿನಾ ಬೆಳಿಗ್ಗೆ ಓಣಿಗೆ ಬಂದು ವಿಚಾರಿಸುತ್ತಿದ್ದರು.

"ಇವತ್ತು ಹೊಟ್ಟೆ ಹೇಗುಂಟು? ಸರಿಯಾಗಿ ಬಿಡಿಸಿ ಹೇಳು."

"ಹೊಟ್ಯಾಗ ಬುಲೆಟ್ ಗಾಡಿಗೆ ಕಿಕ್ ಹೊಡದಂಗ ಆಕ್ಕೈತ್ರಿ. ಆಮ್ಯಾಲ ಸಂಡಾಸಕ್ಕ ಓಡೂದ."

"ಬುಲೆಟ್ಟಿಗೆ ಕಿಕ್ಕು," ಧಣಿ ಅನುಕಂಪದಿಂದ ತಲೆಯಾಡಿಸುತ್ತಿದ್ದರು. ಹೆತ್ತ ತಾಯಿಯೂ ತನ್ನ ಹೊಟ್ಟೆಯನ್ನು ಇಷ್ಟು ಕೇಳಿರಲಿಲ್ಲ ಎಂದು ಕರಿಬಸವ ರತ್ನವ್ವನಿಗೆ ಹೇಳಿ ಕಣ್ಣೊರೆಸಿಕೊಂಡಿದ್ದ.

ಓಪನಿಂಗಿನ ದಿನ ಬಂತು. ಶೆಡ್ಡಿನಲ್ಲಿ ಕರಿಬಸವ ಅಣ್ಣು ಹೊಲಿದ ಪ್ಯಾಂಟು ಏರಿಸಿ, ಉಸಿರು ಒಳಗೆಳೆದು ಗುಂಡಿ ಹಾಕಿದ. ಬಿತ್ತು. ಉಸಿರು ಬಿಟ್ಟ. ಆದರೂ ನಿಂತಿತು. ಮಗಳು ಚಪ್ಪಾಳೆ ಹೊಡೆದಳು. ರತ್ನವ್ವ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು.

"ನಿನ್ನಿ ಹೋಳಿಗಿ ಹೆಂಗಿತ್ತರಿ?"

"ಮಸ್ತಿತ್ತು ಬಿಡ. ಒಣಾ ಹೋಳಿಗಿನೂ ಇಷ್ಟು ಮೆತ್ತಗ ಆಗತಾವಂತ ಗೊತ್ತಿದ್ದಿಲ್ಲ."

"ಒಣಾ ಎಲ್ಲಿಂದ ಬಂತು! ಸಂಡಾಸಿರೂ ಮನಿಗೆ ಹೊಂಟೀವಿ, ಒಣಾ ಹೋಳಿಗಿ ತಿಂದು ಹೋಗೂದೇನು ಅಂತ ಹೂರಣದಾಗ ತುಪ್ಪ ಕಲಸಿದ್ದೆ."

ಕರಿಬಸವನ ಮುಖ ಅವನ ಕೋಟಿನ ಬಣ್ಣಕ್ಕೆ ಬಂತು.

"ಎಷ್ಟು ತುಪ್ಪ?"

"ಇದ್ದಷ್ಟೂ."

ನಿನ್ನೆ ಮಧ್ಯಾಹ್ನದ ತುಪ್ಪ. ಅಂದರೆ ಇವತ್ತು. ಅಂದರೆ ಸಲಾಮು ಹೊಡೆಯುವ ಹೊತ್ತಿಗೆ.

ಅಂಗಡಿಯ ಓಮ್ನಿಯಲ್ಲಿ ಮ್ಯಾನೇಜರ್ ರೇಮಂಡ್ ಪಕ್ಕದಲ್ಲಿ ಕುಳಿತು ಕರಿಬಸವ ಕಾರ್ಕಳಕ್ಕೆ ಹೊರಟ. ಪರ್ಕಳ ದಾಟುವವರೆಗೆ ಹೊಟ್ಟೆ ಸುಮ್ಮನಿತ್ತು. ಹಿರಿಯಡ್ಕದ ತಿರುವಿನಲ್ಲಿ ಮೊದಲ ಕಿಕ್ಕು ಬಿತ್ತು.

"ರೇಮಂಡ್ ಸಾಹೇಬ್ರ, ಒಂದೀಟು ಗಾಡಿ ನಿಲ್ಲಸ್ರಿ."

"ಎಂತ ನಿಲ್ಲಿಸುದು ಮಾರಾಯ, ಮುಹೂರ್ತ ಉಂಟು! ಈ ಬಿಳಿ ಬಟ್ಟೆಯಲ್ಲಿ ರಸ್ತೆ ಬದಿ ಕೂತುಕೊಳ್ತೀಯಾ? ಜನ ಕೊಕ್ಕರೆ ಅಂತ ಕಲ್ಲು ಹೊಡೀತಾರೆ."

ಬೈಲೂರಿನ ಹೊಂಡಗಳಲ್ಲಿ ಓಮ್ನಿ ಹಾರಿ ಬಿದ್ದಾಗಲೆಲ್ಲ ಕರಿಬಸವ ಸೀಟಿನಿಂದ ಒಂದು ಗೇಣು ಮೇಲೆ, ಬರೀ ಕೈಬಲದ ಮೇಲೆ ತೇಲುತ್ತಿದ್ದ. ಬಿಳಿ ಪ್ಯಾಂಟು ಉಳಿಯಬೇಕು. ಪ್ಯಾಂಟು ಉಳಿದರೆ ಬಾಗಿಲು, ಬಾಗಿಲು ಉಳಿದರೆ ರೂಮು, ರೂಮಿನೊಳಗೆ ಚಿಲಕ.

ಹೊಸ ಅಂಗಡಿಯ ಮುಂದೆ ಕಾರು ಬರತೊಡಗಿದ್ದವು. ಇಳಿದವನೇ ಹಿಂದಿನ ರೂಮಿನ ಕಡೆ ಹೊರಟರೆ ಧಣಿ ರಟ್ಟೆ ಹಿಡಿದು ಬಾಗಿಲಿಗೆ ನಿಲ್ಲಿಸಿದರು. "ಗುಂಡಿ ಬಿದ್ದಿದೆ! ಭೇಷ್! ಸಲಾಮು ಜೋರು ಬರಲಿ, ಹಿಮ್ಮಡಿ ಬಡಿದು."

ಹಿಮ್ಮಡಿ ಬಡಿದು! ಒಂದೊಂದು ಸಲಾಮಿಗೂ ಹೊಟ್ಟೆಯೊಳಗೆ ಬುಲೆಟ್ ಗೇರು ಬದಲಿಸುತ್ತಿತ್ತು. ಕರಿಬಸವ ಹಿಮ್ಮಡಿಯನ್ನು ಬಡಿಯದೆ ಸವರಿದ. ಉಸಿರನ್ನು ಮೂಗಿನ ತುದಿಯಲ್ಲೇ ಮುಗಿಸಿದ. ಹಣೆಯ ಬೆವರು ರುಮಾಲು ದಾಟಿ ಮೀಸೆಗೆ ಇಳಿಯಿತು. "ಸೆಕ್ಯೂರಿಟಿಯವ ಎಷ್ಟು ಸೀರಿಯಸ್ಸು ನೋಡಿ, ಮುಖದಲ್ಲಿ ಒಂದು ಗೆರೆ ಅಲ್ಲಾಡುದಿಲ್ಲ," ಎಂದು ಯಾರೋ ಮೆಚ್ಚಿದರು.

ಆಗ ಬಂದವರು ಧಣಿಯ ಹೆಂಡತಿ ವಾರಿಜಕ್ಕ, ಕೈಯಲ್ಲಿ ತುಪ್ಪ ಜಿನುಗುವ ಕಾಶಿ ಹಲ್ವದ ತಟ್ಟೆ.

"ತೆಗೆದುಕೋ."

"ಸ್ವಾಮ್ವಾರ ಉಪವಾಸರೀ ಅಮ್ಮಾರ."

"ಇವತ್ತು ಬುಧವಾರ ಅಲ್ವಾ ಮಾರಾಯ?"

"ಹೋದ ಸ್ವಾಮ್ವಾರದ್ದು ಬಾಕಿ ಇತ್ರಿ."

ವಾರಿಜಕ್ಕ ಒಪ್ಪಲಿಲ್ಲ. ಹಲ್ವವನ್ನು ಅವನ ಗವಸಿನ ಕೈಯೊಳಗೆ ತುರುಕಿದರು. ಅದೇ ಹೊತ್ತಿಗೆ ಶಾಸಕರ ಹೆಂಡತಿ ಬಂದರು. ಕರಿಬಸವ ಕೈ ಎತ್ತಿ ಸಲಾಮು ಹೊಡೆದ. ಹಲ್ವ ಹಣೆಗೆ ಅಂಟಿತು, ತುಪ್ಪ ಕಣ್ಣಿಗಿಳಿಯಿತು. ಮತ್ತು ಒಳಗೆ, ಅವನಿಗೆ ಚೆನ್ನಾಗಿ ಗೊತ್ತಿರುವ ಆ ಕೊನೆಯ ಗೇರು ಬಿತ್ತು.

ಅವನು ಬಾಗಿಲು ಬಿಟ್ಟು ಓಡಿದ. ಕೌಂಟರು, ಸೀರೆ ರಾಶಿ, ನಾಗಸ್ವರದವರು, ಎಲ್ಲವನ್ನೂ ದಾಟಿ ಹಿಂದಿನ ರೂಮಿಗೆ. ಅಲ್ಲಿತ್ತು ಅವನ ಸಂಡಾಸ, ನೀಲಿ ಬಣ್ಣದ ಬಾಗಿಲು, ಹೊಳೆಯುವ ಚಿಲಕ. ಎಳೆದು ತೆರೆದ. ಒಳಗೆ ರೇಷ್ಮೆ ಸೀರೆ ಉಟ್ಟ ನಾಲ್ಕೈದು ಹೆಂಗಸರು ಒತ್ತೊತ್ತಾಗಿ ನಿಂತು ಅವನನ್ನೇ ನೋಡುತ್ತಿದ್ದರು.

"ತಪ್ಪಾತ್ರಿ ಅಕ್ಕಾರ!" ಎಂದು ಬಾಗಿಲು ಮುಚ್ಚಿ, ತಲೆ ತಗ್ಗಿಸಿ ತಿರುಗಿದ ಮೇಲೆ ಅವನಿಗೆ ಹೊಳೆಯಿತು: ಅವು ಸೀರೆ ಉಡಿಸುವ ಗೊಂಬೆಗಳು. ಸಂಡಾಸವನ್ನು ಆಗಲೇ ಉಗ್ರಾಣ ಮಾಡಿದ್ದರು. ಗೊಂಬೆಗಳಿಗೂ ಚಿಲಕ ಇತ್ತು!

ಅಂಗಡಿಯ ಮೂಲೆಯಲ್ಲಿ ಇನ್ನೊಂದು ಬಾಗಿಲಿತ್ತು. ಮೇಲೆ ಹಲಗೆ: ಗಿರಾಕಿಗಳಿಗೆ ಮಾತ್ರ. ಕರಿಬಸವ ನುಗ್ಗಿದ, ಚಿಲಕ ಹಾಕಿದ. ಮೂವತ್ತನಾಲ್ಕರ ಗುಂಡಿಗೆ ಕೈ ಹಾಕಿದ. ಬಿಚ್ಚಲಿಲ್ಲ. ಕಿತ್ತ. ಗುಂಡಿ ಟಣ್ಣೆಂದು ಗೋಡೆಗೆ ಬಡಿದು ನೀರಿಗೆ ಬಿತ್ತು.

ಪ್ಯಾಂಟು ಉಳಿಯಿತು.

ಜಗತ್ತು ಮೆಲ್ಲಗೆ ಮೊದಲಿನಂತಾಗುವ ಹೊತ್ತಿಗೆ ಬಾಗಿಲಿನಾಚೆ ಮಾತು ಕೇಳಿಸಿತು. ವಾರಿಜಕ್ಕ ಶಾಸಕರ ಹೆಂಡತಿಗೆ ಹೇಳುತ್ತಿದ್ದರು.

"ಸ್ವಲ್ಪ ನಿಲ್ಲಿ, ಒಳಗೆ ನಮ್ಮವರೇ ಇರುವುದು. ಪಾಪ, ತೆಳ್ಳಗಾಗುವ ಮಾತ್ರೆ ತೆಗೆದುಕೊಳ್ತಾರಲ್ವಾ? ನನ್ನ ಅಣ್ಣ ದುಬೈಯಿಂದ ಕಳಿಸುದು. ಖಾಲಿ ಪಟ್ಟಿ ತೋರಿಸದೆ ನಾನು ಅನ್ನ ಬಡಿಸುವುದಿಲ್ಲ. ಹೊಟ್ಟೆಯಲ್ಲಿ ಬುಲೆಟ್ಟಿಗೆ ಕಿಕ್ಕು ಹೊಡೆದ ಹಾಗಂತೆ! ಅದರ ಬಾಧೆಯಲ್ಲಿ ಭಾಷೆಯೇ ಬದಲಿ ಆಗಿದೆ ಮಾರಾಯ್ರೆ. ಹುಟ್ಟಿದಂದಿನಿಂದ ಕಕ್ಕಸು ಅಂತಿದ್ದವರು ಈಗ ಸಂಡಾಸ ಅಂತಾರೆ!"

ಕರಿಬಸವ ಕುಳಿತಲ್ಲಿಂದಲೇ ಬಾಗಿಲಿಗೆ ಕಿವಿಗೊಟ್ಟ.

"ಆದರೂ ಹೊಟ್ಟೆ ಇಳಿಯಲಿಲ್ಲ ಅಲ್ವಾ?" ಎಂದಿತು ಇನ್ನೊಂದು ದನಿ.

"ಅದಕ್ಕೇ ಇದಕ್ಕಿಂತ ಜೋರಿನದು ತರಿಸಿದ್ದೇನೆ. ಒಂದು ಪೆಟ್ಟಿಗೆ."

ಅಷ್ಟರಲ್ಲಿ ತಲೆಯ ಮೇಲಿನ ಗಾಳಿಕಿಂಡಿಯಲ್ಲಿ ಪಿಸುಮಾತು. ಅಂಗಡಿಯ ಹಿಂಬದಿಯಲ್ಲಿ ಸ್ಟೂಲು ಹತ್ತಿ ನಿಂತ ಧಣಿಯ ಮುಖ ಕಿಂಡಿ ತುಂಬ ತುಂಬಿತ್ತು.

"ಕರಿಬಸವ, ಹಾಳಾಯಿತು ಮಾರಾಯ. ಒಳಗೆ ನಾನಿದ್ದೇನೆ ಅಂತ ಅವಳು ತಿಳ್ಕೊಂಡಿದ್ದಾಳೆ. ನೀನು ಬಾಗಿಲಿನಿಂದ ಹೊರಗೆ ಬಂದರೆ ಮಾತ್ರೆ ನುಂಗುದು ಯಾರು ಅಂತ ಗೊತ್ತಾಗ್ತದೆ. ನಾನೀಗ ಒಳಗೆ ಬರಬೇಕು." ಕಿಂಡಿಯೊಳಗೆ ತಲೆ ಬಂತು, ಒಂದು ಭುಜ ಬಂತು. ಅಷ್ಟಕ್ಕೇ ನಿಂತಿತು.

"ಕಿಂಡಿ ಮೂವತ್ನಾಕು ಐತ್ರಿ ಧಣ್ಯಾರ. ನಿಮಗ ಬೀಳಂಗಿಲ್ಲ."

"ತಮಾಷೆ ಬೇಡ! ಹಾಗಾದ್ರೆ ಮೆಲ್ಲ ಚಿಲಕ ತೆಗೆದಿಟ್ಟು ನೀನೇ ಈ ಕಿಂಡಿಯಿಂದ ಹೊರಗೆ ಬಾ. ನೀನೀಗ ತೆಳ್ಳಗಿದ್ದಿ. ಉಳಿದದ್ದು ನಾನು ಹೇಳಿಕೊಳ್ತೇನೆ."

"ಮಾತ್ರಿ ಬ್ಯಾಡಾಗಿದ್ರ ಒಗದ್ಬಿಡಬೇಕಿತ್ತಲ್ರಿ?"

"ಕಕ್ಕಸಿಗೆ ಹಾಕಿದೆ. ತೇಲ್ತದೆ ಮಾರಾಯ! ಅವಳು ನೋಡಿದಳು. ಮನುಷ್ಯ ನುಂಗಿದರೆ ಮಾತ್ರ ಅದು ಮಾಯ ಆಗುದು."

ಕರಿಬಸವ ಮೆಲ್ಲಗೆ ಕೇಳಿದ. "ಮತ್ತ ನನ್ನ ಬಾಗಲದಿಂದ ತಗದದ್ದು? ಹೊಟ್ಟಿ ಬಂದೈತಿ ಅಂದದ್ದು?"

ಧಣಿ ಕಣ್ಣು ತಪ್ಪಿಸಿದರು. ಕಿಂಡಿಯಲ್ಲಿ ಸಿಕ್ಕಿಕೊಂಡ ತಲೆಗೆ ತಪ್ಪಿಸಲು ಕಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. "ಅದು... ಸುಮ್ಮನೆ ನುಂಗು ಅಂದ್ರೆ ಯಾರು ನುಂಗ್ತಾರೆ? ಒಂದು ಕಾರಣ ಬೇಕಲ್ವಾ? ನಿನಗೆ ಅಂಥ ಹೊಟ್ಟೆಯೇನೂ ಇರಲಿಲ್ಲ."

ಹೊರಗೆ ನಾಗಸ್ವರ ಜೋರಾಯಿತು. ವಾರಿಜಕ್ಕ ಬಾಗಿಲು ತಟ್ಟಿದರು. "ಏನೂಂದ್ರೆ, ಇನ್ನೆಷ್ಟು ಹೊತ್ತು? ಜನ ಕಾಯ್ತಿದ್ದಾರೆ."

"ಕೇಳು," ಧಣಿಯ ಪಿಸುದನಿಯಲ್ಲಿ ಈಗ ಗದರಿಕೆ ಇತ್ತು, "ಹಿಂದಿನ ರೂಮು ಕೊಡಲಿಕ್ಕೆ ಆಗುದಿಲ್ಲ, ಗೊಂಬೆಗಳಿಗೆ ಬೇಕು. ಕಾರ್ಕಳದಲ್ಲಿ ನೀನಿದ್ದರೆ ಹೊಸ ಪೆಟ್ಟಿಗೆ ಉಡುಪಿಯಲ್ಲಿ ಯಾರು ನುಂಗುದು? ನಾಳೆಯಿಂದ ವಾಪಸು ಅಲ್ಲಿಗೇ, ಓಣಿಗೆ. ಈಗ ಹೊರಗೆ ಬಾ."

ಕರಿಬಸವ ಸುತ್ತ ನೋಡಿದ. ಬಿಳಿ ಟೈಲ್ಸು, ನಲ್ಲಿ ತಿರುಗಿಸಿದರೆ ನೀರು, ಮೇಲೊಂದು ಬಲ್ಬು. ಗುಂಡಿಯಿಲ್ಲದ ಪ್ಯಾಂಟನ್ನು ಎಡಗೈಯಲ್ಲಿ ಹಿಡಿದುಕೊಂಡು ಎದ್ದು, ಬಲಗೈಯಿಂದ ಚಿಲಕವನ್ನು ಮುಟ್ಟಿದ. ಅದು ಬಿಗಿಯಾಗಿತ್ತು. ಇನ್ನೂ ಸ್ವಲ್ಪ ಬಿಗಿ ಮಾಡಿದ.

"ಕರಿಬಸವ, ಹೊರಗೆ ಬಾ ಅಂದೆ!"

"ಬರಂಗಿಲ್ರಿ," ಎಂದ ಕರಿಬಸವ, ಕಿಂಡಿಯಲ್ಲಿ ಸಿಕ್ಕಿಕೊಂಡವರಿಗೂ ಬಾಗಿಲಿನಾಚೆ ನಿಂತವರಿಗೂ ಒಟ್ಟಿಗೇ ಕೇಳುವಷ್ಟು ಜೋರಾಗಿ. "ಮೊದಲು ರತ್ನವ್ವನ್ನ ಕರಸ್ರಿ. ಆಕಿ ಸರತಿ ಬಾಕಿ ಐತಿ."