ಚೌಕಗಳ ನಾಮಕರಣ

ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ ಎಂದು ನಾವು ಎಷ್ಟೊಂದು ಕೆಲಸಗಳ ಬಗ್ಗೆ ಜಂಭ ಕೊಚ್ಚಿಕೊಳ್ಳುತ್ತೇವೆ! ನನ್ನದಂತೂ ದೊಡ್ಡ ಪಟ್ಟಿಯೇ ಇತ್ತು. ಒಗ್ಗರಣೆ ಹಾಕುವುದು, ಸೀರೆಯ ನೆರಿಗೆ ಹಿಡಿಯುವುದು, ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲು ಇಳಿಯುವುದು. ಈ ಕೊನೆಯದರಲ್ಲಿ ನನ್ನ ಕಾಲುಗಳ ಪಾತ್ರ ಅಷ್ಟಿಲ್ಲ, ಹಿಂದಿನವರು ಇಳಿಸುತ್ತಾರೆ. ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿ ಲೋಕಲ್ಲಿನಲ್ಲಿ ಕಿಟಕಿಯ ಸೀಟು ಸಿಕ್ಕರೆ ನಾನು ಕಣ್ಣು ಮುಚ್ಚುತ್ತಿದ್ದೆ. ನಿದ್ದೆಯಲ್ಲ ಅದು, ನಿದ್ದೆಯ ಹೊಸ್ತಿಲಲ್ಲಿ ಕಾಲು ಚಾಚಿ ಕೂತಂತೆ. ಐರೋಲಿ ಬಂತೆಂದರೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಉಪ್ಪುಗಾಳಿ ಮುಖಕ್ಕೆ ತಾಗುತ್ತಿತ್ತು. ರಬಾಳೆಯಲ್ಲಿ ಕಾರ್ಖಾನೆಯ ಹೆಂಗಸರು ಹತ್ತಿ ಡಬ್ಬದ ಮುಚ್ಚಳ ತೆರೆಯುತ್ತಿದ್ದರು, ಇವತ್ತು ಯಾರ ಮನೆಯ ಬೆಂಡೆಕಾಯಿ ಎಂದು ತಿಳಿಯುತ್ತಿತ್ತು. ತುರ್ಭೆಯಲ್ಲಿ ಮಾರ್ಕೆಟ್ಟಿನ ಒಣಮೆಣಸಿನ ಘಾಟಿಗೆ ಒಂದು ಸೀನು. ಸೀನಿದೆನೆಂದರೆ ಮುಂದಿನದು ಸಾನಪಾಡಾ. ಕಣ್ಣು ತೆರೆದು, ಸೆರಗು ಸರಿಮಾಡಿಕೊಂಡು ಬಾಗಿಲ ಬಳಿ ನಿಂತರಾಯಿತು. ಹೀಗೆ ಇಪ್ಪತ್ತೆರಡು ವರ್ಷ. ಆದ್ದರಿಂದ ಕಣ್ಣಿಲ್ಲದೆ ನಡೆಯುವ ಜಗತ್ತಿನ ಬಗ್ಗೆ ನನಗೆ ಸಾಕಷ್ಟು ಗೊತ್ತಿದೆ ಎಂಬ ಭ್ರಮೆ ಬೆಳೆದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಸಾನಪಾಡಾದಲ್ಲಿ ನಮ್ಮ ವಿಶ್ವವಿದ್ಯಾಲಯದ ದೂರಶಿಕ್ಷಣದ ಕಚೇರಿ. ಅದರ ಪರೀಕ್ಷಾ ವಿಭಾಗದಲ್ಲಿ ನಾನು ಹಿರಿಯ ಗುಮಾಸ್ತೆ, ಎಲ್ಲರ ಬಾಯಲ್ಲಿ ದೇಸಾಯಿ ಮ್ಯಾಡಮ್. ಆ ವರ್ಷ ಹೊಸ ವೆಬ್‌ಸೈಟು ಬಂದಿತ್ತು. ಮೇಲ್ಭಾಗದಲ್ಲಿ ಫೋಟೋಗಳು ತಾವಾಗಿಯೇ ಸರಿಯುತ್ತ ಹೋಗುತ್ತಿದ್ದವು, ನಮ್ಮ ಸಾವಂತ್ ಸಾಹೇಬರು ಊಟದ ನಂತರ ಅವನ್ನೇ ನೋಡುತ್ತ ಕೂರುತ್ತಿದ್ದರು. ಪರೀಕ್ಷೆಯ ಅರ್ಜಿ ಕಾಗದದಲ್ಲಿ ಬಂದ್. ಇನ್ನು ಎಲ್ಲವೂ ವೆಬ್‌ಸೈಟಿನಲ್ಲೇ. ನನಗೂ ಖುಷಿ. ಕೌಂಟರಿನ ಗದ್ದಲ ಹೋಗಿ ವಿಭಾಗ ಮಧ್ಯಾಹ್ನದ ದೇವಸ್ಥಾನದ ಹಾಗೆ ತಣ್ಣಗಾಗಿತ್ತು.

ಆ ತಣ್ಣಗಿನ ಒಂದು ಸೋಮವಾರ ಫೋನು ಬಂತು. ಹಿಂದಿಯಲ್ಲಿ ಶುರುವಾದ ಮಾತು. ಹೆಸರು ಶೈಲಜಾ, ಮನೆ ಸೀವುಡ್ಸ್‌ನಲ್ಲಿ, ಬ್ಯಾಂಕೊಂದರಲ್ಲಿ ಟೆಲಿಫೋನ್ ಆಪರೇಟರ್, ನಮ್ಮಲ್ಲಿ ಇತಿಹಾಸದ ಎಂ.ಎ. ಎರಡನೆಯ ವರ್ಷ. ಕಣ್ಣು ಕಾಣುವುದಿಲ್ಲ. ನಾನು “ಅಯ್ಯ ಶಿವನ!” ಎಂದೆ. ಆ ಕಡೆಯ ಹಿಂದಿ ಅಲ್ಲಿಗೇ ನಿಂತಿತು.

“ನೀವು ಕನ್ನಡದವರಾ? ಮೊದಲೇ ಹೇಳ್ಬಾರ್ದಾ! ನಾವು ಉಡುಪಿ ಕಡೆಯವರು. ನೋಡಿ ಅಕ್ಕ, ಕಂಪ್ಯೂಟರಿನಲ್ಲಿ ಇದ್ದದ್ದನ್ನು ಓದಿ ಹೇಳುವ ಸಾಫ್ಟ್‌ವೇರ್ ನನ್ನ ಹತ್ರ ಉಂಟು. ಬ್ಯಾಂಕಿನ ಕೆಲಸ ಎಲ್ಲ ಅದರಲ್ಲೇ ಮಾಡುದು. ನಿಮ್ಮ ಫಾರ್ಮ್ ತೆರೆದ್ರೆ ಅದು ‘ಎಡಿಟ್, ಎಡಿಟ್, ಎಡಿಟ್’ ಅಂತ ಮೂವತ್ತೆರಡು ಸಲ ಹೇಳಿ ಸುಮ್ಮನಾಗ್ತದೆ. ಚೌಕಗಳು ಉಂಟು ಅಂತ ಗೊತ್ತಾಗ್ತದೆ, ಯಾವ ಚೌಕದಲ್ಲಿ ಎಂತ ಬರೀಬೇಕು ಅಂತ ಇಲ್ಲ.”

“ಅದಕ್ಯಾಕ ಇಷ್ಟು ಚಿಂತಿ ಮಾಡ್ತೀರಿ? ಫೋನಿನ್ಯಾಗ ಹೇಳ್ರಿ, ನಾ ತುಂಬಿಬಿಡ್ತೀನಿ. ಈ ಫಾರ್ಮ್ ನಾ ಕಣ್ಣು ಮುಚ್ಚಿ ತುಂಬ್ತೀನಿ,” ಎಂದೆ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ನಕ್ಕಳು. “ಕಣ್ಣು ಮುಚ್ಚಿ ತುಂಬ್ಲಿಕ್ಕೆ ನಾನಿದ್ದೇನೆ ಮಾರಾಯ್ರೆ. ನೀವು ಕಣ್ಣು ತೆರೆದು ಆ ಚೌಕಗಳಿಗೊಂದು ಹೆಸರಿಡಿ.”

ಹಿಂದಿನ ವರ್ಷ ಹೀಗೇ ಯಾರೋ ತುಂಬಿಕೊಟ್ಟಿದ್ದರಂತೆ, ಸೈಬರ್ ಕೆಫೆಯವನು. ಅವಳು ಇಡೀ ವರ್ಷ ಮಧ್ಯಯುಗದ ಇತಿಹಾಸ ಓದಿದಳು. ಹಾಲ್ ಟಿಕೆಟ್ಟಿನಲ್ಲಿ ಬಂದದ್ದು ಆರ್ಥಿಕ ಇತಿಹಾಸ. ಅವನು ಚೌಕ ತಪ್ಪಿ ಒತ್ತಿದ್ದ. ವರ್ಷ ಹೋಯಿತು. ಈ ಸಲ ತಾನೇ ತುಂಬುತ್ತೇನೆ, ತಪ್ಪಿದರೂ ತಪ್ಪು ತನ್ನದೇ ಆಗಿರಲಿ ಎಂದು ಕೂತಿದ್ದಳು. ಕೊನೆಯ ದಿನ ಶುಕ್ರವಾರ ಸಂಜೆ ಐದು. ಐದಾಯಿತೆಂದರೆ ವೆಬ್‌ಸೈಟು ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಅದಕ್ಕೆ ನಮ್ಮ ಹಾಗೆ ಮುಖದಾಕ್ಷಿಣ್ಯವಿಲ್ಲ.

ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಸಹಾಯ ಮಾಡುತ್ತೇನೆಂದರೆ ಬೇಡವೆನ್ನುವವರನ್ನು ಕಂಡರೆ ನನ್ನಂಥವರಿಗೆ, ಬಡಿಸಿದ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದರೆ ಆಗುವಷ್ಟು ನೋವಾಗುತ್ತದೆ. ಆದರೆ ಸಾಹೇಬರಿಗೆ ವಿಷಯ ಹೇಳಿದಾಗ ಅವರು, “ಅರೇ ದೇಸಾಯಿ ಮ್ಯಾಡಮ್, ಏಕ್ ಸ್ಟೂಡೆಂಟ್ ಕೇ ಲಿಯೇ ಪೂರಾ ವೆಬ್‌ಸೈಟ್? ಆಪ್ ಹೀ ಭರ್ ದೋ ನಾ, ಖತಂ!” ಎಂದರು. ನೀವೇ ತುಂಬಿಬಿಡಿ, ಮುಗೀತು ಅಂತ. ಐದು ನಿಮಿಷದ ಹಿಂದೆ ನಾನು ಶೈಲಜಾಳಿಗೆ ಹೇಳಿದ್ದೂ ಅದನ್ನೇ. ಅವರ ಬಾಯಲ್ಲಿ ಕೇಳುವಾಗ ಮಾತ್ರ ಅದು ಚೆನ್ನಾಗಿರಲಿಲ್ಲ. “ನಹೀಂ ಸರ್, ಕರನಾ ಪಡೇಗಾ,” ಮಾಡಲೇಬೇಕಾಗುತ್ತದೆ ಎಂದುಬಿಟ್ಟೆ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಅವರಿಗೆ ‘ನಹೀಂ’ ಎಂದದ್ದು ಅದೇ ಮೊದಲು. ಅವರೂ ಗಾಬರಿಯಾಗಿ ಹೂಂ ಎಂದರು.

ಕಂಪ್ಯೂಟರ್ ವಿಭಾಗದ ಪ್ರಾಜಕ್ತಾ, ಪುಣೆಯ ಕಡೆಯ ಹುಡುಗಿ, ವಿವರಿಸಿದಳು. ಪ್ರತಿ ಚೌಕದ ಬೆನ್ನಿಗೂ ಒಂದು ಹೆಸರು ಬರೆಯಲು ಜಾಗವಿದೆ. ಸೈಟು ಮಾಡಿದವರು ಅದನ್ನು ಖಾಲಿ ಬಿಟ್ಟಿದ್ದಾರೆ. ಫೋಟೋಗಳದ್ದೂ ಅದೇ ಕಥೆ; ವಿವರಣೆ ಬರೆಯದಿದ್ದರೆ ಆ ದನಿ ಕ್ಯಾಮೆರಾದ ನಂಬರನ್ನೇ ಓದುತ್ತದೆ. “ಕೋಡ್ ಮೀ ಟಾಕತೆ, ನಾವಂ ತುಮ್ಹೀ ದ್ಯಾ,” ಎಂದಳು. ಕೋಡು ನಾನು ಹಾಕುತ್ತೇನೆ, ಹೆಸರು ನೀವು ಕೊಡಿ. ಆಮೇಲೆ ನನ್ನ ಕಿವಿಗೆ ಇಯರ್‌ಫೋನು ಸಿಕ್ಕಿಸಿ, ಮಾನಿಟರ್ ಆರಿಸಿ, ನೀವೇ ಒಮ್ಮೆ ತುಂಬಿ ನೋಡಿ ಎಂದು ಚಹಾಕ್ಕೆ ಹೋದಳು.

ಕತ್ತಲೆಯ ಪರದೆಯ ಮುಂದೆ ನಾನು ಕಣ್ಣು ಮುಚ್ಚಿದೆ. ಅಭ್ಯಾಸಬಲ. ದನಿ ಶುರುವಾಯಿತು: ಲಿಂಕ್, ಲಿಂಕ್, ಗ್ರಾಫಿಕ್, ಡಿಎಸ್‌ಸಿ ಸೊನ್ನೆ ಸೊನ್ನೆ ನಾಲ್ಕು ಏಳು, ಲಿಂಕ್, ಎಡಿಟ್, ಎಡಿಟ್. ಏರಿಳಿತವಿಲ್ಲದ ಆ ದನಿಗೂ ಫ್ಯಾನಿನ ಸದ್ದಿಗೂ ಸ್ನೇಹವಾಗಿ, ನಾನು ಎಲ್ಲೋ ತೇಲಿದೆ. ವಾಶಿ ಲೋಕಲ್ಲಿನ ಕಿಟಕಿಯಲ್ಲಿ ಕೂತಿದ್ದೇನೆ. ಉಪ್ಪುಗಾಳಿಯಿಲ್ಲ, ಬೆಂಡೆಕಾಯಿಯಿಲ್ಲ, ಸೀನು ಬರುತ್ತಿಲ್ಲ. ಅನೌನ್ಸ್‌ಮೆಂಟಿನ ಹೆಂಗಸು ಅತ್ಯಂತ ಮೃದುವಾಗಿ, “ಪುಢೀಲ್ ಸ್ಟೇಷನ್, ಸ್ಟೇಷನ್,” ಎನ್ನುತ್ತಿದ್ದಾಳೆ; ಮುಂದಿನ ಸ್ಟೇಷನ್ನಿನ ಹೆಸರೂ ಸ್ಟೇಷನ್ನೇ. ಗಾಡಿ ನಿಲ್ಲುತ್ತದೆ, ಹೊರಡುತ್ತದೆ. ಮತ್ತೆ, “ಪುಢೀಲ್ ಸ್ಟೇಷನ್, ಸ್ಟೇಷನ್.” ಜನ ನಂಬಿಕೆಯ ಮೇಲೆ ಇಳಿಯುತ್ತಿದ್ದಾರೆ. ನಾನು ಮಾತ್ರ ಚೀಲ ತಬ್ಬಿಕೊಂಡು ಕೂತೇ ಇದ್ದೇನೆ, ಮೋಡದೊಳಗೆ ಗಾಡಿ ಹೋಗುತ್ತಲೇ ಇದೆ. ಪ್ರಾಜಕ್ತಾ ಭುಜ ಅಲುಗಿಸಿ ಮಾನಿಟರ್ ಹಾಕಿದಾಗ ನೋಡಿದರೆ ನನ್ನ ತಂದೆಯ ಹೆಸರಿನ ಚೌಕದಲ್ಲಿ ಪಿನ್ ಕೋಡು, ಹುಟ್ಟಿದ ದಿನಾಂಕದ ಜಾಗದಲ್ಲಿ ‘ಡೊಂಬಿವಲಿ ಪೂರ್ವ’. ಪ್ರತಿ ವರ್ಷ ಸಾವಿರಾರು ಅರ್ಜಿ ತಿರುವಿಹಾಕುವ ಕೈ ಇದು.

ಅಂದು ಮನೆಗೆ ಹೋಗಿ ಸೀರೆ ಬದಲಿಸುತ್ತಿದ್ದೆ. ನಮ್ಮ ಯಜಮಾನರು, ನನ್ನ ಹಾಗೆಯೇ ಮೂಲತಃ ಧಾರವಾಡದವರು, ಚಹಾ ಮಾಡುವ ಉತ್ಸಾಹದಲ್ಲಿ ಅಡಿಗೆಮನೆಯಿಂದ ಕೂಗಿದರು: “ಸಕ್ರಿ ಎಲ್ಲಿ ಇಟ್ಟೀದಿ?”

“ಬಿಸ್ಕೀಟಿನ ಡಬ್ಬಿಯಾಗ.”

“ಅದರಾಗ ಮೆಂತೆ ಅದ.”

“ಅದಲ್ಲರೀ, ಕೆಂಪು ಬಿಸ್ಕೀಟಿನ ಡಬ್ಬಿ. ತುಪ್ಪದ ಡಬ್ಬಿ ಬಾಜೂಕ.”

“ತುಪ್ಪದ ಡಬ್ಬಿ ಯಾವದು? ತುಪ್ಪ ಅಂತ ಬರದದ್ದರಾಗ ಹುಣಸಿಹಣ್ಣು ಅದ. ಇದೇನು ಅಡಗಿಮನಿನೋ, ಸಿ.ಐ.ಡಿ. ಆಫೀಸೋ?”

ಇಪ್ಪತ್ನಾಲ್ಕು ವರ್ಷಗಳಿಂದ ಈ ಮನುಷ್ಯನನ್ನು ಪೆದ್ದ ಎಂದುಕೊಂಡಿದ್ದೆ. ಅಂದು ಮೊದಲ ಸಲ, ಅವರ ಸುತ್ತ ಸಾಲಾಗಿ ನಿಂತು ‘ಡಬ್ಬಿ, ಡಬ್ಬಿ, ಡಬ್ಬಿ’ ಎನ್ನುತ್ತಿರುವ ನನ್ನ ಕಪಾಟು ಕೇಳಿಸಿತು. ನಾನೇ ಹೋಗಿ ಚಹಾ ಮಾಡಿದೆ. ಅದೂ ತಪ್ಪೇ ಎಂದು ಕುಡಿಯುವಾಗ ಹೊಳೆಯಿತು.

ಮರುದಿನದಿಂದ ನಾಮಕರಣ. ಸೈಟು ಇಂಗ್ಲಿಷಿನದು, ಹಾಗಾಗಿ ನನಗೆ ಬರುವ ಇಂಗ್ಲಿಷಿನಲ್ಲೇ ಬರೆದೆ; ಮನಸ್ಸು ಮಾತ್ರ ಧಾರವಾಡದ್ದು. ಮೊಬೈಲ್ ನಂಬರಿನ ಚೌಕಕ್ಕೆ ಇಟ್ಟ ಹೆಸರು ಹೀಗಿತ್ತು: ‘ನಿಮ್ಮ ಸ್ವಂತ ಮೊಬೈಲ್ ನಂಬರ್, ಗಂಡನದ್ದೋ ಅಣ್ಣನದ್ದೋ ಬೇಡ, ಮೆಸೇಜು ಬಂದರೆ ಅವರು ಹೇಳಲು ಮರೆಯುತ್ತಾರೆ, ಮೊದಲಿಗೆ ಸೊನ್ನೆ ಹಾಕಬೇಡಿ, ಅವಸರ ಮಾಡಬೇಡಿ.’ ಗುರುವಾರ ಮಧ್ಯಾಹ್ನ ಶೈಲಜಾಳ ಫೋನು ಬಂತು.

“ಅಕ್ಕ, ನಿಮ್ಮ ಚೌಕಗಳು ಈಗ ಮಾತಾಡ್ತವೆ. ಆದ್ರೆ ನಿಲ್ಲಿಸುದೇ ಇಲ್ಲವಲ್ಲ! ನಮ್ಮ ಅತ್ತೆಯೂ ಇಷ್ಟು ಬುದ್ಧಿ ಹೇಳುದಿಲ್ಲ. ‘ಮೊಬೈಲ್ ನಂಬರ್’ ಅಂದ್ರೆ ಸಾಕು, ನನಗೆ ತಿಳೀತದೆ.”

ಹುರುಳಿಕಾಯಿಯ ನಾರು ತೆಗೆದಂತೆ ಮೂವತ್ತೆರಡು ಹೆಸರುಗಳ ನಾರು ತೆಗೆದೆ. ಪ್ರತಿಯೊಂದರಿಂದಲೂ ನಾನು ಸ್ವಲ್ಪ ಸ್ವಲ್ಪ ಹೊರಬಿದ್ದೆ. ಆದರೆ ಫೋಟೋಗಳನ್ನು ಬಿಡಿ ಎಂದು ಅವಳು ಹೇಳಿರಲಿಲ್ಲ. ಅಲ್ಲಿ ನನ್ನ ಲೇಖನಿಗೆ ಬಯಲು ಸಿಕ್ಕಿತು. ಪರದೆಯ ಮೇಲೆ ಕಾಣದ ಬರಹ, ಕಣ್ಣಿರುವವರು ಯಾರೂ ಓದದ ಬರಹ. ಇಂಥ ಸ್ವಾತಂತ್ರ್ಯ ಸರ್ಕಾರಿ ನೌಕರಿಯಲ್ಲಿ ಎಷ್ಟು ಜನರಿಗೆ ಸಿಗುತ್ತದೆ? ಉದ್ಘಾಟನೆಯ ಫೋಟೋಕ್ಕೆ ಬರೆದೆ: ‘ಅತಿಥಿಗಳು ಮೇಣದಬತ್ತಿ ಹಿಡಿದು ಕ್ಯಾಮೆರಾ ನೋಡುತ್ತಿದ್ದಾರೆ. ದೀಪ ಇನ್ನೂ ಹತ್ತಿಲ್ಲ.’ ಗ್ರಂಥಾಲಯದ್ದಕ್ಕೆ: ‘ಆರು ಜನ ಓದುತ್ತಿದ್ದಾರೆ. ಒಬ್ಬರ ಪುಸ್ತಕ ತಲೆಕೆಳಗಾಗಿದೆ.’ ಕಟ್ಟಡದ್ದಕ್ಕೆ: ‘ಐದು ಮಹಡಿ. ಹಿಂದೆ ಮಳೆಗಾಲದ ಪಾರಸಿಕ್ ಗುಡ್ಡ, ಹಸಿರು ಶಾಲು ಹೊದ್ದು ಕೂತ ಅಜ್ಜಿಯ ಹಾಗೆ.’ ಸಾವಂತ್ ಸಾಹೇಬರು ಸೈಟು ತೆರೆದು ಮೇಲಿಂದ ಕೆಳಗೆ ನೋಡಿ, “ಕಾಹೀಚ್ ಬದಲಲಂ ನಾಹೀ! ಏನೂ ಬದಲಾಗಿಲ್ಲವಲ್ಲ, ಮೂರು ದಿನ ಏನು ಮಾಡಿದಿರಿ?” ಎಂದು ಬೇಜಾರಿನಿಂದ ಒಪ್ಪಿಗೆ ಕೊಟ್ಟರು.

ಶುಕ್ರವಾರ ನಾಲ್ಕೂವರೆಗೆ ಫೋನು. ಅವಳ ದನಿಯಲ್ಲಿ ನಗುವಿರಲಿಲ್ಲ. “ಅಕ್ಕ, ಎಲ್ಲ ತುಂಬಿದೆ. ಪೇಪರ್ ಸರಿ ಉಂಟು, ನಾನು ಹೇಳಿದ್ದನ್ನು ಬರೆಯುವ ಬರಹಗಾರರು ಬೇಕು ಅಂತ ಹಾಕಿದೆ, ಹೆಚ್ಚಿನ ಸಮಯ ಹಾಕಿದೆ. ಈಗ ಕೊನೆಗೆ ಬಂದ್ರೆ ‘ಗ್ರಾಫಿಕ್’ ಅಂತದೆ. ಒತ್ತುದು ಎಲ್ಲಿ?”

ನಾನು ಪರದೆ ನೋಡಿದೆ. ಕೊನೆಯಲ್ಲಿ ದೊಡ್ಡ ಹಸಿರು ಗುಂಡಿ, ಅಂಗೈಯಗಲದ್ದು. ಅದು ಗುಂಡಿಯಲ್ಲ, ಗುಂಡಿಯ ಚಿತ್ರ. ಅಷ್ಟು ದೊಡ್ಡದಾಗಿ ಕಾಣುತ್ತಿದ್ದುದರಿಂದಲೇ ನಾನು ಅದಕ್ಕೆ ಹೆಸರಿಟ್ಟಿರಲಿಲ್ಲ. “ಗ್ರಾಫಿಕ್ ಅಂದದ್ದಽ ಅದು ಅಂತ ಒತ್ತಿಬಿಡ್ರಿ,” ಎಂದೆ.

“ಅಲ್ಲಿ ಮೂರು ಗ್ರಾಫಿಕ್ ಉಂಟು. ಒಂದು ಒತ್ತಿದ್ರೆ ಎಲ್ಲ ಅಳಿಸಿ ಹೋದ್ರೆ?”

ನಿಜ. ಪಕ್ಕದಲ್ಲೇ ಕೆಂಪು ಗುಂಡಿಯಿತ್ತು, ಎಲ್ಲವನ್ನೂ ಅಳಿಸುವುದು. “ಪಾಸ್‌ವರ್ಡ್ ಹೇಳವಾ, ನಾ ಒತ್ತತೀನಿ,” ಎಂಬ ಮಾತು ಹಲ್ಲಿನವರೆಗೆ ಬಂದಿತ್ತು. ಅದನ್ನು ನುಂಗಿ, ಫೋನು ಹಿಡಿದುಕೋ ಎಂದು ಹೇಳಿ, ಮೆಟ್ಟಿಲು ಹತ್ತಿ ಓಡಿದೆ. ಪ್ರಾಜಕ್ತಾ ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಚೀಲ ಇಳಿಸಿ ಕೂತಳು. ಏದುಸಿರಿನ ನಡುವೆ ನಾನು ಆ ವಾರದ ಅತ್ಯಂತ ಚಿಕ್ಕ ಹೆಸರುಗಳನ್ನು ಇಟ್ಟೆ: ಒಂದಕ್ಕೆ ‘ಸಬ್ಮಿಟ್’, ಒಂದಕ್ಕೆ ‘ಅಳಿಸು’, ಒಂದಕ್ಕೆ ‘ಹಿಂದೆ’. ಕೆಳಗೆ ಬಂದು ಫೋನೆತ್ತಿದಾಗ ಐದಕ್ಕೆ ಎಂಟು ನಿಮಿಷ. ತುಂಬಿದ್ದನ್ನು ಉಳಿಸಿಕೊಂಡು ಪುಟವನ್ನು ಮತ್ತೆ ತೆರೆಯುವಂತೆ ಹೇಳಿದೆ. ತಂತಿಯ ಆ ತುದಿಯಲ್ಲಿ, ಅವಳ ಕೋಣೆಯಲ್ಲಿ, ಆ ಬಣ್ಣವಿಲ್ಲದ ದನಿ ಒಂದೊಂದೇ ಹೆಸರು ಹೇಳುತ್ತ ಇಳಿಯುವುದು ಕೇಳುತ್ತಿತ್ತು. ತಂದೆಯ ಹೆಸರು. ಪಿನ್ ಕೋಡ್. ಮೊಬೈಲ್ ನಂಬರ್. ನನ್ನ ಕಣ್ಣು ತಾನಾಗಿ ಮುಚ್ಚಿತು. ಸಬ್ಮಿಟ್. ಒಂದು ಕೀಲಿಯ ಸಣ್ಣ ಟಕ್ಕು. ಆಮೇಲೆ ಉದ್ದನೆಯ ಅರ್ಜಿ ನಂಬರು.

“ಆಯ್ತು ಅಕ್ಕ,” ಎಂದಳು. “ನಾನೇ ತುಂಬಿದೆ.”

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆಗೆ ಒಳ್ಳೆಯದಿತ್ತು. ಆದರೆ ಬರಹಗಾರರ ಒಪ್ಪಿಗೆ ಪತ್ರಕ್ಕೆ ಸಾಹೇಬರ ಎದುರು ಖುದ್ದಾಗಿ ಸಹಿ ಮಾಡಬೇಕಿತ್ತು. ಒಂದು ತಿಂಗಳ ನಂತರ ಶೈಲಜಾ ಬಿಳಿ ಕೋಲು ಹಿಡಿದು ನಮ್ಮ ವಿಭಾಗಕ್ಕೆ ಬಂದಳು. ನನ್ನ ದನಿ ಕೇಳಿದ್ದೇ ಮುಖ ಅರಳಿತು. ಸಾಹೇಬರ ಕೋಣೆಗೆ ಕರೆದೊಯ್ಯಲು ನಾನು ಅವಳ ಕೈ ಹಿಡಿಯಹೋದೆ. “ನೀವು ನನ್ನನ್ನು ಹಿಡಿಯುದಲ್ಲ, ನಾನು ನಿಮ್ಮನ್ನು ಹಿಡಿಯುದು,” ಎಂದು ನನ್ನ ಮೊಣಕೈಯ ಮೇಲೆ ತೋಳು ಹಿಡಿದಳು. ಹಿಡಿತ ನನ್ನ ತೋಳಿನ ಅರ್ಧ ಸುತ್ತಿಗೇ ಮುಗಿಯಿತು. ಬೆರಳುಗಳು ಒಂದು ಕ್ಷಣ ಯೋಚಿಸಿದವು. ನಾಲ್ಕು ಹೆಜ್ಜೆ ನಡೆದ ಮೇಲೆ ಅವಳು ಬಹಳ ಮರ್ಯಾದೆಯಿಂದ ಕೇಳಿದಳು:

“ಅಕ್ಕ, ವೆಬ್‌ಸೈಟಿನಲ್ಲಿ ಸಿಬ್ಬಂದಿಯ ಫೋಟೋ ಉಂಟಲ್ಲ, ಅದು ಯಾವ ವರ್ಷದ್ದು?”

ಆ ಫೋಟೋದ ವಿಷಯ ನಿಮಗೆ ಹೇಳಿಲ್ಲ. ಅದರಲ್ಲಿ ಸಾಹೇಬರ ಕೂದಲಿನ ಬಣ್ಣದ ಬಗ್ಗೆ ನಿಜವನ್ನೇ ಬರೆದಿದ್ದೆ. ಜವಾನ ಆಕಳಿಸುತ್ತಿರುವುದನ್ನೂ ಬಿಟ್ಟಿರಲಿಲ್ಲ. ಎಡದಿಂದ ನಾಲ್ಕನೆಯವರ ಬಗ್ಗೆ, ‘ದೇಸಾಯಿ ಮ್ಯಾಡಮ್, ನೀಲಿ ಸೀರೆ, ಸ್ಲಿಮ್ ಆದ ಮೈಕಟ್ಟು, ಪ್ರಸನ್ನ ಮುಖ’ ಎಂದಿತ್ತು. ಫೋಟೋ ತೆಗೆದದ್ದು ಸೈಟು ಶುರುವಾಗುವ ಹಿಂದಿನ ವಾರ.

“ಭಾಳ ಹಳೇದವಾ,” ಎಂದೆ.

ಸಂಜೆ ಪ್ರಾಜಕ್ತಾ ಹೋದ ಮೇಲೆ ಆ ಒಂದು ಶಬ್ದ ಅಳಿಸಿದೆ. ‘ಪ್ರಸನ್ನ ಮುಖ’ ಹಾಗೇ ಇದೆ. ಅದನ್ನು ಯಾರೂ ತೋಳು ಹಿಡಿದು ಪರೀಕ್ಷಿಸಲಾರರು.