ಕೆಂಚನ ಬೆನ್ನ ಮೇಲಿನ ಬೋಳು

ಹಾಸನದ ಹೊರಗೆ, ಶಾಂತಿಗ್ರಾಮದ ರಸ್ತೆಯಲ್ಲಿ ನಾನು ನಡೆಸುವ ನಾಯಿಗಳ ಆಶ್ರಯದಲ್ಲಿ ಒಂದಲ್ಲ ಒಂದು ತಲೆನೋವು ಇದ್ದದ್ದೇ. ನಾಯಿಗಳಿಂದಲ್ಲ, ಸಾಕೋಕೆ ಒಯ್ಯಲು ಬರುವವರಿಂದ. ನಮ್ಮ ನಾಯಿ ಕೆಂಚನನ್ನೇ ನೋಡಿ. ಕಜ್ಜಿ ಹತ್ತಿ ಬಂದಿದ್ದ, ಪೂರ್ತಿ ವಾಸಿಯಾಯಿತು. ಬೆನ್ನ ಮೇಲೆ ಅಂಗೈಯಗಲ ಜಾಗದಲ್ಲಿ ಮಾತ್ರ ಕೂದಲು ಬರಲಿಲ್ಲ. ಅಷ್ಟಕ್ಕೇ ಅವನಿಗೊಂದು ಮನೆ ಸಿಗುವುದಿಲ್ಲ ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಅಂಟು ಜಾಡ್ಯ

ಹಾಸನದ ಅಧಿಕಾರಿಯೊಬ್ಬರು ಕಾರಿನಲ್ಲಿ ಬಂದರು. ಕೆಂಚನನ್ನು ಕಂಡದ್ದೇ ಹಿಂದೆ ಸರಿದು, "ಮನೇಲಿ ಮಕ್ಕಳಿದ್ದಾರೆ ಮೇಡಂ. ಇದರಿಂದ ಏನಾದ್ರೂ ಅಂಟುತ್ತಾ?" ಎಂದರು.

"ಇಲ್ಲ ಸಾರ್, ಡಾಕ್ಟರೇ ನೋಡಿ ಹೇಳಿದ್ದಾರೆ."

ನಂಬಲಿಲ್ಲ. ಹೋಗುವಾಗ ಕೆಂಚನ ಮುಖಕ್ಕೊಂದು, ನನ್ನ ಮುಖಕ್ಕೊಂದು ಸಲ ಜೋರಾಗಿ ಸೀನಿ, "ವೈರಲ್ ಫೀವರ್, ಮನೇಲೆಲ್ಲ ಇದೆ" ಎಂದರು. ಕೆಂಚನಿಗೆ ಏನೂ ಆಗಲಿಲ್ಲ. ವಾರವೆಲ್ಲ ಮಲಗಿದ್ದು ನಾನು.

ಕೂದಲಿನ ಔಷಧಿ

ಹೊಳೆನರಸೀಪುರದವರೊಬ್ಬರು, "ಇದುಕ್ಯಾಕಕ್ಕ ಡಾಕ್ಟ್ರು? ಟ್ರಾಕ್ಟರ್ ವೇಸ್ಟ್ ಆಯಿಲ್ ಬಳೀರಿ, ಕೂದ್ಲು ಎಂಗ್ ಬತ್ತದೆ ನೋಡಿ" ಎಂದರು. ಅದನ್ನು ನೆಕ್ಕಿದರೆ ನಾಯಿ ಸಾಯುತ್ತದೆ. ನಾನು ಅವರ ನುಣ್ಣನೆ ತಲೆಯನ್ನೇ ನೋಡುತ್ತಾ, "ಮೊದಲು ನೀವು ಬಳ್ಕೊಂಡು ಬನ್ನಿ" ಎಂದೆ.

ಒಬ್ಬಟ್ಟಿನ ಸತ್ಕಾರ

ಚನ್ನರಾಯಪಟ್ಟಣದ ಗೃಹಿಣಿಯೊಬ್ಬರು ಕೊನೆಗೂ ಕೆಂಚನನ್ನು ಕರೆದುಕೊಂಡು ಹೋದರು. ಸದ್ಯಕ್ಕೆ ಬರೀ ಮೊಸರನ್ನ ಹಾಕಿ ಎಂದು ಹೇಳಿ ಕಳಿಸಿದ್ದೆ. ವಾರದೊಳಗೆ ಆಟೋದಲ್ಲಿ ವಾಪಸ್.

"ಕಾಯ್ಲೆ ನಾಯಿ ಕೊಟ್ಬುಟ್ರಲ್ಲಕ್ಕ. ಬರೀ ಬೇದಿ."

"ಏನು ಹಾಕಿದ್ರಿ?"

"ಮನೆಗೆ ಒಸದಾಗಿ ಬಂದೋರ್ಗೆ ಸಿಹಿ ಮಾಡ್ದೆ ಇರಕ್ಕಾಯ್ತದಾ? ಒಬ್ಬಟ್ಟು, ತುಪ್ಪ, ಹಾಲು. ಮಾರನೆ ದಿನ ಬಾಡೂಟ."

"ನೀವೂ ಅದನ್ನೇ ತಿಂದ್ರಾ?"

"ಊಂ. ನಮಗೆಲ್ಲ ಒಟ್ಟೆ ಕೆಟ್ಟೋಯ್ತು. ಇದ್ರಿಂದಾನೇ ಅಂಟ್ಕಂಡಿರೋದು."

ಭಾರಿ ಕಾಯಿಲೆ

ಕೆಂಚ ಮಂಕಾಗಿ ಗೇಟಿನ ಪಕ್ಕ ಬಿದ್ದಿರುತ್ತಿದ್ದ. ಆಗ ಬಂದರು ಅರಕಲಗೂಡಿನ ವಯಸ್ಸಾದ ಗಂಡ ಹೆಂಡತಿ. ಗಂಡ, "ಆರೋಗ್ಯ ಎಂಗದೆ?" ಎಂದರು. ಈ ಸಲ ಅನುಮಾನಕ್ಕೆ ಎಡೆ ಇರಬಾರದೆಂದು ಎಲ್ಲ ಒಪ್ಪಿಸಿದೆ. ರೇಬಿಸ್ ಇಂಜೆಕ್ಷನ್ ಆಗಿದೆ, ಜಂತಿನ ಮಾತ್ರೆ ಆಗಿದೆ, ರಕ್ತ ಪರೀಕ್ಷೆ ಆಗಿದೆ, ಮರಿಯಾಗದ ಆಪರೇಷನ್ನೂ ಆಗಿದೆ.

ಅವರು ಹೆಂಡತಿಗೆ, "ನಡಿ ಕಣಮ್ಮಿ. ಇಷ್ಟೊಂದು ಔಸ್ದಿ ಬಿದ್ದದೆ ಅಂದ್ರೆ ಭಾರಿ ಕಾಯ್ಲೆನೇ ಇರ್ಬೇಕು" ಎಂದರು.

ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಆಕೆ ಕೆಂಚನ ಬೋಳು ಬೆನ್ನು ಸವರುತ್ತಾ ಗಂಡನಿಗೆ ಹೇಳಿದರು: "ನಿಮ್ಗೆ ಬೆಳಿಗ್ಗೆ ಬಿಪಿ ಮಾತ್ರೆ, ಊಟಕ್ ಮುಂಚೆ ಸುಗರ್ ಮಾತ್ರೆ, ಮಂಡಿಗೆ ಇಂಜೆಕ್ಸನ್. ನಿಮ್ನ ನಾನು ಮಡಿಕ್ಕಂಡಿಲ್ವಾ? ಇವ್ನಿಗಾದ್ರೂ ಎಲ್ಲಾ ವಾಸಿಯಾಗ್ಯದೆ. ಇವ್ನ ಕತ್ತಿನ್ ಅಗ್ಗ ಇಡ್ಕಂಡು ನಡೀರಿ."