ಕ್ಯಾಶಿಯರ್ ಹುಲಿಯಾಗಲು ಹೊರಟದ್ದು

ನಗುವ ಸಂಗತಿಗಳನ್ನು ನಾನು ಹುಡುಕಿಕೊಂಡು ಹೋಗುವವನಲ್ಲ. ಕಾಪುವಿನಲ್ಲಿ ನನ್ನದೊಂದು ಪೈಂಟಿನ ಅಂಗಡಿ ಉಂಟು, ಅಂಗಡಿಯ ಎದುರು ಒಂದು ಸ್ಟೂಲ್ ಉಂಟು, ಅವೇ ಬಂದು ಅದರ ಮೇಲೆ ಕುಳಿತುಕೊಳ್ಳುತ್ತವೆ. ಕಳೆದ ವರ್ಷ ಹಾಗೆ ಬಂದು ಕುಳಿತದ್ದು ನನ್ನ ಗೆಳೆಯ, ಬ್ಯಾಂಕೊಂದರ ಕ್ಯಾಶಿಯರ್. ಅವನು ಕುಳಿತ ಮೇಲೆ ಸ್ಟೂಲ್ ಎಲ್ಲಿದೆ ಎಂದು ಗೊತ್ತಾಗುತ್ತಿರಲಿಲ್ಲ. ಕೆಳಗೆ ಬರೆದದ್ದರಲ್ಲಿ ಮುಕ್ಕಾಲು ಪಾಲು ನಡೆದದ್ದೇ. ಉಳಿದದ್ದಕ್ಕೆ ನಾನು ಒಂದು ಕೋಟ್ ಹೊಡೆದಿದ್ದೇನೆ, ಕಸುಬು ಬಿಡಲಾಗುತ್ತದಾ?

೧. ಕಾರಿಡಾರಿನ ಹರಕೆ

ಬೇಸಗೆಯಲ್ಲಿ ಕ್ಯಾಶಿಯರನ ಹೆಂಡತಿಗೆ ಮಣಿಪಾಲದಲ್ಲಿ ಹೊಟ್ಟೆಯ ಆಪರೇಶನ್ ಆಯಿತು. ಒಳಗಿನ ಗಡ್ಡೆ ಎಂಥದ್ದು ಎಂದು ತೆಗೆದ ಮೇಲೆಯೇ ಹೇಳಬಹುದು ಎಂದಿದ್ದರು ಡಾಕ್ಟರು. ನಾವಿಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ನಾಲ್ಕು ಗಂಟೆ ಕುಳಿತೆವು. ಅಷ್ಟು ಹೊತ್ತಿನಲ್ಲಿ ನಾನು ಒಂದು ಜೋಕ್ ಸಹ ಹೇಳಲಿಲ್ಲ ಎಂದರೆ ಪರಿಸ್ಥಿತಿಯನ್ನು ನೀವೇ ಅಂದಾಜು ಮಾಡಿ. ಮೂರನೇ ಗಂಟೆಗೆ ಅವನು ಕಣ್ಣು ಮುಚ್ಚಿ ಕೈ ಮುಗಿದ. "ಇವಳು ನಡೆದುಕೊಂಡು ಮನೆಗೆ ಬರಲಿ ದೇವರೇ. ಈ ಕೃಷ್ಣಾಷ್ಟಮಿಗೆ ನಾನು ಹುಲಿವೇಷ ಹಾಕುತ್ತೇನೆ, ನನ್ನ ಮನೆಯಂಗಳದಲ್ಲೇ ಅಕ್ಕಿಮುಡಿ ಎತ್ತಿ ಎಸೆಯುತ್ತೇನೆ" ಎಂದ.

ಗಡ್ಡೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹತ್ತನೇ ದಿನ ಅವಳು ನಡೆದುಕೊಂಡೇ ಮನೆಗೆ ಬಂದಳು. ನಡೆಯಲು ಕಷ್ಟವಾದದ್ದು ಇವನಿಗೆ. ಹೇಳಿದ್ದೇನು ಎಂದು ಆಗ ನೆನಪಾಯಿತು ನೋಡಿ.

ಹುಲಿವೇಷ ಎಂದರೆ ಸೊಂಟಕ್ಕೊಂದು ಚಡ್ಡಿ, ತಲೆಗೆ ಹುಲಿಯ ಮುಖವಾಡ, ಉಳಿದ ಮೈಯೆಲ್ಲ ಬರೀ ಬಣ್ಣ. ಹೊಟ್ಟೆ ಅಡಗಿಸಲು ಅಂಗಿ ಇಲ್ಲ. ತಾಸೆ ವಾದ್ಯದ ಬಡಿತಕ್ಕೆ ಬೆಳಗ್ಗಿನಿಂದ ಸಂಜೆಯವರೆಗೆ ಮನೆ ಮನೆ ಕುಣಿಯಬೇಕು. ಬೈಹುಲ್ಲಿನಲ್ಲಿ ಚೆಂಡಿನ ಹಾಗೆ ಬಿಗಿದು ಕಟ್ಟಿದ ಅಕ್ಕಿಮುಡಿ ನಲವತ್ತು ಕಿಲೋಗೆ ಕಡಿಮೆ ಇಲ್ಲ. ಪಳಗಿದ ಹುಲಿಗಳು ಅದನ್ನು ಹಲ್ಲಿನಲ್ಲಿ ಕಚ್ಚಿ, ತಲೆಯ ಮೇಲಿನಿಂದ ಹಿಂದಕ್ಕೆ ಎಸೆಯುತ್ತವೆ. ನಮ್ಮವನ ಎದುರು ಹಲ್ಲುಗಳಿಗೆ ಕ್ಯಾಪ್ ಹಾಕಿಸಿ ಆರು ತಿಂಗಳಾಗಿತ್ತು. ಹುಲಿತಂಡದ ಗುರಿಕಾರರು ದೊಡ್ಡ ಮನಸ್ಸು ಮಾಡಿ, "ಕೈಯಲ್ಲಿ ಎತ್ತಿದರೂ ಆದೀತು. ಆದರೆ ಎತ್ತಬೇಕು" ಎಂದರು.

ವಯಸ್ಸು ನಲವತ್ತೊಂಬತ್ತು, ತೂಕ ತೊಂಬತ್ತೆಂಟು. ಮೆಟ್ಟಿಲು ಹತ್ತಿದರೆ ಏದುಸಿರು. ಬೇರೆ ಯಾರಿಂದಾದರೂ ವೇಷ ಹಾಕಿಸು ಎಂದು ಎಲ್ಲರೂ ಹೇಳಿದರು. "ಬೇಡಿಕೊಂಡದ್ದು ನಾನು. ಬಣ್ಣ ಇನ್ನೊಬ್ಬನ ಮೈಗೆ ಯಾಕೆ?" ಎಂದ. ಹೆಂಡತಿಗೆ ವಿಷಯ ಹೇಳುವಾಗ ನಾನೂ ಅಲ್ಲಿದ್ದೆ. ಅವಳು ದಿಂಬಿಗೆ ಒರಗಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಕಣ್ಣು ಒದ್ದೆಯಾಯಿತು.

"ಹಾಕಿ. ಪಟ್ಟೆ ಬರೆಯಲು ಜಾಗಕ್ಕೆ ತೊಂದರೆ ಇಲ್ಲ. ಇನ್ನೊಂದು ಹುಲಿಯದ್ದೂ ನಿಮ್ಮ ಮೇಲೆಯೇ ಬರೆಯಬಹುದು."

೨. ಯಾವಾಗಿನಿಂದ ಹೀಗೆ?

ಮೊದಲು ಹೋದದ್ದು ಮಣಿಪಾಲದ ಒಂದು ದೊಡ್ಡ ಜಿಮ್ಮಿಗೆ. ಗೋಡೆಯೆಲ್ಲ ಕನ್ನಡಿ. ಎಲ್ಲಿ ತಿರುಗಿದರೂ ಕ್ಯಾಶಿಯರನಿಗೆ ತನ್ನದೇ ಹೊಟ್ಟೆ ಎದುರಾಗುತ್ತಿತ್ತು. ಸುತ್ತ ಇದ್ದವರೆಲ್ಲ ಡಾಕ್ಟರಿಕೆ ಓದುವ ಹುಡುಗ ಹುಡುಗಿಯರು, ದೇಶದ ಎಲ್ಲೆಲ್ಲಿಂದಲೋ ಬಂದವರು.

ನಮ್ಮವನು ತೂಕ ಹಾಕದ ಬರೀ ಸಲಾಕೆಯನ್ನು ಹತ್ತು ಸಲ ಎತ್ತಿದ. ಆಮೇಲೆ ಬೆಂಚಿನ ಮೇಲೆ ಮಲಗಿ ಕಣ್ಣು ಮುಚ್ಚಿದ. ಮಣಿಪಾಲದಲ್ಲಿ ಹಾಗೆಲ್ಲ ಕಣ್ಣು ಮುಚ್ಚಬಾರದು. ಅರ್ಧ ನಿಮಿಷದಲ್ಲಿ ಒಬ್ಬಳು ನಾಡಿ ಹಿಡಿದಳು, ಒಬ್ಬ ಕಣ್ಣರೆಪ್ಪೆ ಎಳೆದ, ಮತ್ತೊಬ್ಬ ಕಾಲಿನ ಗಂಟು ಒತ್ತಿ ಗುಳಿ ಬೀಳುತ್ತದಾ ಎಂದು ನೋಡಿದ. ಕ್ಯಾಶಿಯರನಿಗೆ ಮಾತನಾಡಲು ಉಸಿರಿಲ್ಲ.

"ಅಂಕಲ್‌ಗೆ ಮೊದಲು ಏನಾದರೂ ತೊಂದರೆ ಇತ್ತಾ?" ಎಂದು ನಾಡಿ ಹಿಡಿದ ಹುಡುಗಿ ನನ್ನನ್ನು ಕೇಳಿದಳು, ಆಗಷ್ಟೇ ಕಲಿತ ಕನ್ನಡದಲ್ಲಿ.

ಅವನಿಗೆ ಏನೂ ಇಲ್ಲ, ಸುಸ್ತು ಅಷ್ಟೇ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. "ತೊಂದರೆ ಅಂತ ಇಲ್ಲ. ಹೆಂಡತಿಯ ಆಪರೇಶನ್ ಆದಾಗಿನಿಂದ ತಾನು ಹುಲಿಯಾಗುತ್ತೇನೆ ಅನ್ನುತ್ತಾನೆ" ಎಂದೆ.

ಹುಡುಗಿ ನಗಲಿಲ್ಲ. ಅವನ ಕೈಯನ್ನು ಮೆತ್ತಗೆ ಸವರಿ, "ಅಂಕಲ್, ಇದು ನಿಜವಾ?" ಎಂದಳು.

ಕ್ಯಾಶಿಯರನಿಗೆ ಆಗ ಉಸಿರು ಬಂತು. ಪಾಪ, ಸುಳ್ಳು ಹೇಳುವವನಲ್ಲ. "ನಿಜ. ಅಷ್ಟಮಿಗೆ ಆಗುತ್ತೇನೆ. ಆ ದಿನ ನಾವು ಹದಿನೈದು ಜನ ಹುಲಿಗಳಾಗುತ್ತೇವೆ" ಎಂದ.

ಮನೋರೋಗ ವಿಭಾಗದಲ್ಲಿ ಓದುವವರು ಒಬ್ಬರು ಆಚೆ ಟ್ರೆಡ್‌ಮಿಲ್ ಮೇಲೆ ಓಡುತ್ತಿದ್ದರಂತೆ. ಅವರನ್ನು ಇಳಿಸಿ ಕರೆದುಕೊಂಡು ಬಂದರು.

೩. ಅನ್ನ ಬಿಟ್ಟದ್ದು

ಆ ಮೇಲೆ ಕಾಪುವಿನಲ್ಲೇ ಒಂದು ಜಿಮ್ಮು ಹಿಡಿದೆವು. ಹಳೆಯ ಹಂಚಿನ ಗೋದಾಮು. ನಡೆಸುವವನು ದುಬಾಯಿಯಲ್ಲಿ ಏಳು ವರ್ಷ ಇದೇ ಕೆಲಸ ಮಾಡಿ ಬಂದ ಬ್ಯಾರಿ ಯುವಕ, ನಾವು ಕೋಚ್ ಎಂದೇ ಕರೆಯುವುದು. ಒಳ್ಳೆಯ ಮನುಷ್ಯ, ನನ್ನ ಮಾತನ್ನು ನಂಬುವುದಿಲ್ಲ. ಮೊದಲ ದಿನವೇ ಹರಕೆಯ ಕಥೆ ಕೇಳಿ ಅವನು ಕ್ಯಾಶಿಯರನನ್ನು ತಕ್ಕಡಿ ಹತ್ತಿಸಿದ.

"ಆಗುತ್ತದೆ ಸರ್. ಆದರೆ ಬರೀ ತೂಕ ಇಳಿಸಿದರೆ ಮುಡಿ ಎತ್ತಲಿಕ್ಕೆ ಆಗುವುದಿಲ್ಲ. ಕೊಬ್ಬು ಹೋಗಬೇಕು, ಸ್ನಾಯು ಬರಬೇಕು. ವಾರಕ್ಕೆ ಮೂರು ದಿನ ಭಾರ ಎತ್ತಿ, ಪ್ರತಿ ವಾರ ಸ್ವಲ್ಪ ಸ್ವಲ್ಪ ಜಾಸ್ತಿ. ಮೀನು, ಮೊಟ್ಟೆ, ಕಡಲೆ ತಿನ್ನಿ. ಅನ್ನ ಅರ್ಧ ಮಾಡಿ."

"ಅರ್ಧ ಯಾಕೆ, ಪೂರ್ತಿ ಬಿಡುತ್ತೇನೆ" ಎಂದ ಕ್ಯಾಶಿಯರ್. ಬಿಟ್ಟೂ ಬಿಟ್ಟ. ಮೂರು ವಾರ ಒಂದು ಅಗುಳು ಮುಟ್ಟಲಿಲ್ಲ. ಮೂರನೇ ವಾರದ ಕೊನೆಗೆ ತಕ್ಕಡಿ ಹತ್ತಿದರೆ ನೂರು. ಅವನ ಮುಖ ನೋಡಲಾಗಲಿಲ್ಲ. "ಆಗುವುದಿಲ್ಲ ಅಂತ ಕಾಣುತ್ತದೆ ಮಾರಾಯ" ಎಂದು ನನ್ನ ಹತ್ತಿರ ಸಣ್ಣ ಧ್ವನಿಯಲ್ಲಿ ಹೇಳಿದ.

ಕೋಚ್ ಒಂದು ಪುಸ್ತಕ ತೆಗೆದು, "ನಿನ್ನೆ ಬೆಳಗ್ಗೆ ಎಂತ ತಿಂದದ್ದು?" ಎಂದ.

"ನೀರುದೋಸೆ. ಎಂಟು."

"ಮಧ್ಯಾಹ್ನ?"

"ಅನ್ನ ಇಲ್ಲವಲ್ಲ, ಹೊಟ್ಟೆ ತುಂಬಬೇಕಲ್ವಾ. ಪುಂಡಿ ಮಾಡಿಸಿದೆ."

"ಸಂಜೆ?"

"ಎರಡು ಕೊಟ್ಟೆಕಡುಬು. ಅದು ಆವಿಯಲ್ಲಿ ಬೇಯಿಸಿದ್ದು, ಎಣ್ಣೆ ಇಲ್ಲ."

"ರಾತ್ರಿ?"

"ಕೋಳಿ ಸಾರು. ನೀವೇ ಹೇಳಿದ್ದಲ್ವಾ, ಪ್ರೋಟೀನು. ಅದರ ಜೊತೆ ಸ್ವಲ್ಪ ರೊಟ್ಟಿ, ಒಣಗಿದ್ದು, ಭಾರ ಇಲ್ಲ."

ಕೋಚ್ ಪೆನ್ನು ಕೆಳಗಿಟ್ಟ. "ಸರ್, ಇದೆಲ್ಲ ಅಕ್ಕಿ."

ಕ್ಯಾಶಿಯರ್ ಒಂದೊಂದಾಗಿ ಬೆರಳು ಮಡಚಿ ಯೋಚಿಸಿದ. ಐವತ್ತು ವರ್ಷ ಹತ್ತಿರ ಬಂದವನಿಗೆ ಆ ವಿಷಯ ಹೊಳೆದದ್ದು ಅದೇ ಮೊದಲು. "ಹಾಗಾದರೆ ಅಕ್ಕಿ ಇಲ್ಲದ್ದು ಎಂತ ಉಂಟು ಹೇಳಿ, ಅದನ್ನೇ ತಿನ್ನುತ್ತೇನೆ."

ಕೋಚ್ ಪಟ್ಟಿ ಮಾಡಲು ಪೆನ್ನು ಮತ್ತೆ ಎತ್ತಿಕೊಂಡ. ಬೆಳಗ್ಗೆ ಅವನ ಮನೆಯಲ್ಲಿ ತಿಂದು ಬಂದದ್ದು ಅಕ್ಕಿ ಪತ್ತಿರಿ. ಕೊನೆಗೆ ಹೇಳಿದ: "ನಮ್ಮ ಊರಿನಲ್ಲಿ ಸದ್ಯಕ್ಕೆ ಮೊಟ್ಟೆ ಒಂದನ್ನು ಅಕ್ಕಿಯಿಂದ ಮಾಡುವುದಿಲ್ಲ ಸರ್."

೪. ನನ್ನ ಪೈಂಟಿನ ಕೆಲಸ

ಅಕ್ಕಿ ನಿಜವಾಗಿ ಕಡಿಮೆಯಾದ ಮೇಲೆ ತೂಕ ಇಳಿಯತೊಡಗಿತು. ಕ್ಯಾಶಿಯರನ ಪ್ಯಾಂಟು ಎರಡು ಸಲ ದರ್ಜಿಯ ಹತ್ತಿರ ಹೋಗಿ ಬಂತು. ಆದರೆ ಭಾರ ಎತ್ತುವುದರಲ್ಲಿ ಅವನು ಮೂವತ್ತು ಕಿಲೋಗೆ ನಿಂತುಬಿಟ್ಟ. ಸಲಾಕೆಯನ್ನು ನೆಲದಿಂದ ಭುಜಕ್ಕೆ, ಭುಜದಿಂದ ತಲೆಯ ಮೇಲೆ. ಮೂವತ್ತು ಎಂದರೆ ಹೋಗುತ್ತದೆ. ಮೂವತ್ತೈದು ಎಂದು ಕೇಳಿದ ಕೂಡಲೇ ಸಲಾಕೆ ಕೆಳಗಿಟ್ಟು ನೀರು ಕುಡಿಯಲು ಹೋಗುತ್ತಾನೆ. ಅಷ್ಟಮಿಗೆ ಆರು ವಾರ ಇತ್ತು. "ಮುಡಿ ಎತ್ತದಿದ್ದರೆ ಅದು ಹರಕೆಯಾ? ಅವಳು ಪೂರ್ತಿ ಗುಣವಾಗಿ ಬಂದಳು, ನಾನು ಅರ್ಧ ಕೊಡುವುದಾ?" ಎನ್ನುತ್ತಿದ್ದ. ಸ್ಟೂಲಿನಲ್ಲಿ ಕುಳಿತು ಸಪ್ಪಗಾಗುತ್ತಿದ್ದ.

"ಬಲ ಉಂಟು, ಧೈರ್ಯ ಇಲ್ಲ" ಎಂದ ಕೋಚ್ ನನ್ನ ಹತ್ತಿರ.

ಆ ಜಿಮ್ಮಿನ ಕಬ್ಬಿಣದ ತಟ್ಟೆಗಳು ಮಲ್ಪೆಯಲ್ಲಿ ಬೋಟಿನ ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ ಕಡಿಸಿದ್ದು. ಒಂದು ದಪ್ಪ, ಒಂದು ತೆಳು, ಒಂದರ ಹಾಗೆ ಇನ್ನೊಂದಿಲ್ಲ. ಕಿಲೋ ಎಷ್ಟು ಎಂದು ಬಿಳಿ ಪೈಂಟಿನಲ್ಲಿ ಬರೆದ ಅಂಕಿಯೇ ಆಧಾರ. ಬಿಳಿ ಪೈಂಟು ನನ್ನ ಅಂಗಡಿಯದ್ದೇ. ಒಂದು ಭಾನುವಾರ ಕೋಚನಿಗೆ ಉಪಾಯ ಹೇಳಿ ಕೀಲಿಕೈ ತಂದು, ಹದಿನೈದು ಇದ್ದದ್ದನ್ನು ಹತ್ತು ಮಾಡಿದೆ, ಹತ್ತನ್ನು ಐದು ಮಾಡಿದೆ.

ಮರುದಿನ ಸಂಜೆ ಕ್ಯಾಶಿಯರ್ ಬಂದು "ಮೂವತ್ತು" ಎತ್ತಿದ. "ಇವತ್ತು ಸ್ವಲ್ಪ ಭಾರ ಅನ್ನಿಸುತ್ತದೆ" ಎಂದ. "ಆಷಾಢದ ಹವೆ" ಎಂದೆ ನಾನು. ಎರಡು ವಾರದಲ್ಲಿ ಆ ಮೂವತ್ತನ್ನು ಐದೈದು ಸಲ ಎತ್ತುವ ಹಾಗಾದ. ಆಗ ಕೋಚ್ ತಡೆಯಲಾರದೆ ನಿಜ ಹೇಳಿಬಿಟ್ಟ. ಸಲಾಕೆಯೂ ಸೇರಿ ಅದು ಪೂರ್ತಿ ನಲವತ್ತು.

ಕ್ಯಾಶಿಯರ್ ನನ್ನೊಡನೆ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಬಂದು ಸ್ಟೂಲಿನಲ್ಲಿ ಕುಳಿತ. "ನಲವತ್ತು ಎತ್ತಿದ್ದು ನಾನೇ ಅಲ್ವಾ?" ಎಂದ. ಹೌದು ಎಂದೆ. "ಹಾಗಾದರೆ ಚಾ ಹೇಳು" ಎಂದ.

ನಾನು ಮರೆತದ್ದು ಒಂದೇ. ಆ ಜಿಮ್ಮಿಗೆ ಬೇರೆಯವರೂ ಬರುತ್ತಾರೆ. ಕಾರ್ಕಳ ಬಸ್ಸಿನ ಕಂಡಕ್ಟರ್ ಒಬ್ಬ, ಎತ್ತಿನಂಥ ಆಳು, ಹದಿನೈದು ದಿನದಲ್ಲಿ ತನ್ನ ಶಕ್ತಿ ಹೀಗೆ ಇಳಿಯಿತಲ್ಲ ಎಂದು ಹೆದರಿ, ರಕ್ತ ಪರೀಕ್ಷೆ ಮಾಡಿಸಿ, ಯಾರೋ ಕೊಟ್ಟ ಕಹಿ ಕಷಾಯ ಕುಡಿಯುತ್ತಿದ್ದ. ನಾನು ಅಂಕಿ ಮೊದಲಿನಂತೆ ಬರೆದ ಮರುದಿನವೇ ಅವನಿಗೆ ಶಕ್ತಿ ತಿರುಗಿ ಬಂತು. ಆ ಕಷಾಯವನ್ನು ಅವನು ಈಗಲೂ ಬಸ್ಸಿನಲ್ಲಿ ಎಲ್ಲರಿಗೂ ಶಿಫಾರಸು ಮಾಡುತ್ತಾನೆ.

೫. ಅಷ್ಟಮಿಯ ಅಂಗಳ

ಅಷ್ಟಮಿಗೆ ಎರಡು ದಿನ ಇರುವಾಗ ತಂಡದ ಒಬ್ಬ ಹುಲಿ ಜ್ವರ ಬಂದು ಮಲಗಿದ. ಗುರಿಕಾರರು ಆಚೆ ಈಚೆ ನೋಡಿ, ಬೇರೆ ಗತಿ ಇಲ್ಲದೆ ನನ್ನನ್ನು ಕರೆದರು. ನನ್ನ ಮೈಯ ಸಮಾಚಾರ ಹೇಳಿಬಿಡುತ್ತೇನೆ. ಐದು ತಿಂಗಳು ನಾನೂ ಜಿಮ್ಮಿಗೆ ಹೋದವನೇ, ಆದರೆ ಕುರ್ಚಿಯಲ್ಲಿ ಕುಳಿತು ಎಣಿಸುವ ಕೆಲಸ ನನ್ನದು. ಕ್ಯಾಶಿಯರನಿಗೆ ನಿಷೇಧವಾದ ಬನ್ಸು, ಗೋಳಿಬಜೆ ಹಾಳಾಗಬಾರದು ಎಂದು ನಾನೇ ತಿಂದು ಮುಗಿಸುತ್ತಿದ್ದೆ. ಅವನು ಬಿಟ್ಟ ಹೊಟ್ಟೆಯನ್ನು ಹೆಚ್ಚು ಕಡಿಮೆ ನಾನು ವಹಿಸಿಕೊಂಡಿದ್ದೆ.

ಬಣ್ಣ ಬರೆಯುವವನು ನಮ್ಮಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದ. ಕ್ಯಾಶಿಯರನ ತೂಕ ಎಪ್ಪತ್ತೊಂಬತ್ತು. ಭುಜ ಅಗಲವಾಗಿತ್ತು, ಹೊಟ್ಟೆ ಚಪ್ಪಟೆಯಾಗಿತ್ತು. ಹಳದಿ ಬಣ್ಣದ ಮೇಲೆ ಕಪ್ಪು ಪಟ್ಟೆ ಎಳೆದಾಗ ಪಕ್ಕಾ ಪ್ರಾಯದ ಹುಲಿ. ನನ್ನ ಹೊಟ್ಟೆಯ ಮೇಲೆ ಮಾತ್ರ ಬಣ್ಣದವನು ತೃಪ್ತಿಯಿಂದ ಹುಲಿಯ ಇಡೀ ಮುಖವನ್ನೇ ಬರೆದ.

ಮಧ್ಯಾಹ್ನದ ಹೊತ್ತಿಗೆ ತಂಡ ಕ್ಯಾಶಿಯರನ ಮನೆಗೆ ಬಂತು. ಜಗಲಿಯಲ್ಲಿ ಅವನ ಹೆಂಡತಿ, ಪಕ್ಕದಲ್ಲಿ ಕಾರ್ಕಳದಿಂದ ಅದೇ ದಿನ ಬಂದಿಳಿದ ಅವಳ ತಾಯಿ. ಮುದುಕಿ ಅಳಿಯನನ್ನು ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ, ಆ ತೊಂಬತ್ತೆಂಟು ಕಿಲೋದಲ್ಲಿ. ಒಂದು ಕಣ್ಣಿಗೆ ಪೊರೆ ಬೇರೆ. ತಾಸೆ ನಿಂತಿತು. ಅಂಗಳದ ನಡುವೆ ಮುಡಿ ಇಟ್ಟರು. ಮುದುಕಿ ಹೂವಿನ ಹಾರ ಹಿಡಿದು ಕೆಳಗಿಳಿದು, ಸಾಲಾಗಿ ನಿಂತ ಹುಲಿಗಳನ್ನು ಒಂದೊಂದಾಗಿ ನೋಡುತ್ತ ಬಂದು, ಕ್ಯಾಶಿಯರನನ್ನು ದಾಟಿ, ನೇರ ನನ್ನ ಕೊರಳಿಗೆ ಹಾರ ಹಾಕಿದಳು.

ನಾನಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹೇಳಲು ಮನಸ್ಸಾಗುವಷ್ಟರಲ್ಲಿ ಅವಳು ನನ್ನ ಎರಡೂ ಕೈ ಹಿಡಿದುಕೊಂಡಿದ್ದಳು. "ನನ್ನ ಮಗಳಿಗಾಗಿ ಇಷ್ಟು ಮಾಡಿದಿರಿ. ಸಾಕು. ಆ ಮುಡಿಗೆ ಕೈ ಹಾಕಬೇಡಿ, ಈ ಹೊಟ್ಟೆಯಲ್ಲಿ ಬಗ್ಗಿದರೆ ನಿಮ್ಮ ನಡು ಹೋಗುತ್ತದೆ" ಎಂದಳು. ಆಮೇಲೆ ದನಿ ತಗ್ಗಿಸಿ, "ಪಕ್ಕದಲ್ಲಿ ಒಬ್ಬ ಗಟ್ಟಿ ಹುಡುಗ ನಿಂತಿದ್ದಾನೆ ನೋಡಿ. ನಿಮ್ಮ ಲೆಕ್ಕದಲ್ಲಿ ಅವನೇ ಎತ್ತಲಿ. ದೇವರಿಗೆ ನಾನು ಹೇಳಿಕೊಳ್ಳುತ್ತೇನೆ" ಎಂದಳು.

ಜಗಲಿಯಲ್ಲಿ ಕ್ಯಾಶಿಯರನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು. ಆಪರೇಶನ್ನಿನ ಗಾಯ ಹರಿದೀತು ಎಂದು ನನಗೆ ಹೆದರಿಕೆಯಾಯಿತು, ಅಷ್ಟು ನಗುತ್ತಿದ್ದಳು.

ಆ ಗಟ್ಟಿ ಹುಡುಗ ಮುಂದೆ ಬಂದ. ಕಾಲು ಅಗಲಿಸಿ ನಿಂತು, ಕೋಚ್ ಹೇಳಿಕೊಟ್ಟ ಹಾಗೆ ಬೆನ್ನು ನೇರ ಇಟ್ಟು ಕುಕ್ಕರಿಸಿದ. ಮುಡಿ ಮೊಣಕಾಲಿಗೆ ಬಂತು, ಎದೆಗೆ ಬಂತು. ಅಲ್ಲಿ ಒಂದು ಕ್ಷಣ ನಿಂತಿತು. ಹಾರ ಹಾಕಿಕೊಂಡ ನಾನು ಜಿಮ್ಮಿನ ಅಭ್ಯಾಸದಲ್ಲಿ ಎಣಿಸತೊಡಗಿದೆ. ಆಮೇಲೆ ಮುಡಿ ತಲೆಯ ಮೇಲೆ ಹೋಯಿತು, ಹಿಂದಕ್ಕೆ ಹಾರಿ ಅಂಗಳಕ್ಕೆ ಧೊಪ್ಪೆಂದು ಬಿತ್ತು. ತಾಸೆಯವರು ಕೋಲು ಎತ್ತಿದವರು ಬಡಿಯುವುದನ್ನೇ ಮರೆತರು. ಕ್ಯಾಶಿಯರ್ ನಿಂತಲ್ಲೇ ಜಗಲಿಯ ಕಡೆ ತಿರುಗಿದ. ಅವಳೂ ನಗು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು.

ಮುದುಕಿ ಅವನ ಹತ್ತಿರ ಹೋಗಿ ತೋಳು ಮುಟ್ಟಿ ನೋಡಿದಳು, ಬಣ್ಣ ಬೆರಳಿಗೆ ಹತ್ತಿತು. "ಎಂಥ ಗಟ್ಟಿ ಆಳು ಮಾರಾಯ ನೀನು. ನಮ್ಮ ಕಡೆ ಒಳ್ಳೆಯ ಹುಡುಗಿಯರಿದ್ದಾರೆ. ಮದುವೆ ಆಗಿದೆಯಾ?"

ಅವನು ಮುಖವಾಡವನ್ನು ಮೆಲ್ಲನೆ ಹಣೆಯ ಮೇಲಕ್ಕೆ ಎತ್ತಿದ. ಬೆವರು ಇಳಿಯುತ್ತಿತ್ತು, ಉಸಿರು ಇನ್ನೂ ಸರಿಯಾಗಿ ಬಂದಿರಲಿಲ್ಲ.

"ಆಗಿದೆ ಅತ್ತೆ. ನಿಮ್ಮ ಮಗಳ ಜೊತೆಯೇ."